ಒಂದೂವರೆ ನಿಮಿಷ

ಶನಿವಾರ ಸಂಜೆ ನಾಲ್ಕಕ್ಕೆ ಐದು ನಿಮಿಷ ಇರುವಾಗ ಮೀಟರಪ್ಪ ಬಂದು ಗಾಜಿನ ಆಚೆಬದಿಯ ಕುರ್ಚಿಯಲ್ಲಿ ಕೂತರು. ಅವರು ನಮ್ಮ ರೇಡಿಯೋ ನಿಲಯದ ಮ್ಯಾನೇಜರು. ಎಷ್ಟು ಜನ ಕೇಳಿದರು, ಎಷ್ಟು ಜನ ನಡುವೆ ಎದ್ದು ಹೋದರು ಎನ್ನುವುದನ್ನು ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ. ಆ ಹೆಸರಿಟ್ಟವಳು ನಾನೇ. ಒಂಬತ್ತು ವರ್ಷಗಳಲ್ಲಿ ಅವರು ನನ್ನ ಕಾರ್ಯಕ್ರಮಕ್ಕೆ ಬಂದು ಕೂತದ್ದು ಅದೇ ಮೊದಲು. ಅದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ನೋಡಲು ಬಂದಿದ್ದರು.

ನನ್ನ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಯಾರೂ ಹೆಸರು ಕೇಳಿರದ ಸಣ್ಣಪುಟ್ಟ ಬ್ಯಾಂಡುಗಳವರು, ಅಂದರೆ ಗ್ಯಾರೇಜಿನಲ್ಲೋ, ಮಲಗುವ ಕೋಣೆಯಲ್ಲೋ, ಮುಚ್ಚಿದ ಅಂಗಡಿಯ ಹಿಂಬದಿಯಲ್ಲೋ ಹಾಡು ಕಟ್ಟುವವರು, ತಮ್ಮ ಹೊಸ ಹಾಡಿನ ಲಿಂಕನ್ನು ನನಗೆ ಕಳಿಸುತ್ತಾರೆ. ವಾರಕ್ಕೆ ನಲವತ್ತಕ್ಕೆ ಕಡಿಮೆ ಇಲ್ಲ. ಅವುಗಳಲ್ಲಿ ಐದನ್ನು ಆರಿಸಿ ಶನಿವಾರ ಹಾಕುತ್ತೇನೆ. ಕೊನೆಯದು 'ಈ ವಾರದ ಹಾಡು'. ಅದನ್ನು ಹಾಕುವ ಮುನ್ನ ಪ್ರತಿ ಸಲವೂ ಒಂದೇ ಮಾತು ಹೇಳುತ್ತೇನೆ: "ಕೊನೆಯವರೆಗೂ ಕೇಳಿದೀನಿ, ಆಮೇಲೇ ನಿಮಗೆ ಹೇಳ್ತಿದೀನಿ." ಕೇಳುಗರು ನನ್ನನ್ನು ಹಾಡಕ್ಕ ಅನ್ನುತ್ತಾರೆ. ಆ ಮಾತನ್ನು ನನಗಿಂತ ಮೊದಲು ತಮ್ಮ ಮಕ್ಕಳೇ ಹೇಳಿಬಿಡುತ್ತಾರೆ ಎಂದು ಕಾಗದ ಬರೆದವರೂ ಉಂಟು.

ಮೊದಲ ಮೂರು ವರ್ಷ ಅದು ನಿಜವಾಗಿತ್ತು. ಆಮೇಲೆ ಒಂದೂವರೆ ನಿಮಿಷ ಕೇಳುವುದು ರೂಢಿಯಾಯಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಒಂದೂವರೆ ನಿಮಿಷದಲ್ಲಿ ದನಿ ಗೊತ್ತಾಗುತ್ತದೆ, ಡ್ರಮ್ಮು ಬಾರಿಸುವವನ ಕೈ ಗೊತ್ತಾಗುತ್ತದೆ, ಪದ ಬರೆದವರಿಗೆ ಹೇಳುವುದಕ್ಕೇನಾದರೂ ಇದೆಯೇ ಎಂಬುದೂ ಗೊತ್ತಾಗುತ್ತದೆ. ಹಾಗೆಂದು ಆ ಮಾತನ್ನು ಮಾತ್ರ ಬಿಡಲಿಲ್ಲ. ಬಾಯಿಗೆ ಒಗ್ಗಿಹೋಗಿತ್ತು, ಅದೂ ಅಲ್ಲದೆ ನನ್ನ ಮರ್ಯಾದೆಯೆಲ್ಲ ಅದರ ಮೇಲೇ ನಿಂತಿತ್ತು.

ಸೋಮವಾರ ಮೀಟರಪ್ಪ ನನ್ನನ್ನು ಕರೆಸಿದ್ದರು. ಹಾಡು ಆರಿಸುವುದಕ್ಕೆ ಈಗ ಒಂದು ಯಂತ್ರ ಬಂದಿದೆಯಂತೆ.

"ದಿನಕ್ಕೆ ಸಾವಿರ ಹಾಡು ನೋಡತ್ತೆ," ಎಂದರು. "ನೀವು ಅದಕ್ಕಿಂತ ಹೆಚ್ಚು ಏನು ಮಾಡ್ತೀರಿ, ಹೇಳಿ."

"ಅದು ಅಳೆಯತ್ತೆ ಸಾರ್. ನಾನು ಕೇಳ್ತೀನಿ. ಕೊನೆಯವರೆಗೂ ಕೂತು ಕೇಳ್ತೀನಿ."

"ಅದಾದ್ರೆ ದೊಡ್ಡ ಮಾತೇ. ಶನಿವಾರ ಬಂದು ಕೂತ್ಕೋತೀನಿ," ಎಂದರು.

ಆ ಶನಿವಾರ ಇದು. ನಾಲ್ಕು ಹಾಡು ಸುಸೂತ್ರವಾಗಿ ಮುಗಿದವು. ಮೀಟರಪ್ಪ ಒಮ್ಮೆ ಕಾಲು ಕುಣಿಸಿದ್ದನ್ನೂ ಕಂಡೆ. ಅವರ ಪಕ್ಕದಲ್ಲಿ ಫೋನಿನ ಮೇಜಿಗೆ ಕೂತಿದ್ದವಳು ನನ್ನ ನಾದಿನಿ. ನಮ್ಮ ಮನೆಯಲ್ಲೇ ಇರುವವಳು, ಕೇಳುಗರ ಕರೆ ಬರದಿದ್ದಾಗ ಸ್ವೆಟರ್ ಹೆಣೆಯುವವಳು. ಬೆಳಿಗ್ಗೆ ಐದೂ ಲಿಂಕುಗಳಿಂದ ಹಾಡುಗಳನ್ನು ನಿಲಯದ ಕಂಪ್ಯೂಟರಿಗೆ ಇಳಿಸಿಕೊಡುವುದೂ ಅವಳ ಕೆಲಸವೇ.

ನಾಲ್ಕೂ ನಲವತ್ತೊಂಬತ್ತಕ್ಕೆ ಮೈಕು ತೆರೆದೆ.

"ಈ ವಾರದ ಹಾಡು 'ಬಾಗಿಲು ಎಳೆದುಕೋ'. ಬ್ಯಾಂಡಿನ ಹೆಸರು 'ಒದ್ದೆ ಬೆಂಕಿಪೊಟ್ಟಣ'. ಹಾಡೋರು ಕನ್ನಡಕದ ಅಂಗಡಿಲಿ ಕೆಲಸ ಮಾಡ್ತಾರೆ, ಡ್ರಮ್ಮು ಬಾರಿಸೋರು ಹಲ್ಲಿನ ಸೆಟ್ಟು ಮಾಡ್ತಾರೆ, ಬೇಸ್ ಗಿಟಾರಿನೋರು ಬಸ್ಸು ಓಡಿಸ್ತಾರೆ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಕೊನೆಯವರೆಗೂ ಕೇಳಿದೀನಿ, ಆಮೇಲೇ ನಿಮಗೆ ಹೇಳ್ತಿದೀನಿ."

ಹಾಡು ಹಾಕಿ ಮೈಕು ಮುಚ್ಚಿದೆ. ಕೆಂಪು ದೀಪ ಆರಿತು. ಗಾಜಿನಾಚೆ ಮೀಟರಪ್ಪ ತಲೆಯಾಡಿಸಿದರು. ಗೆದ್ದೆ ಅಂದುಕೊಂಡು ಲೋಟದ ನೀರು ಕುಡಿದೆ.

ಹಾಡು ಐವತ್ತನೆಯ ಸೆಕೆಂಡಿಗೆ ಬಂದಿತ್ತು. ಆಗ ನಾದಿನಿ ನನ್ನ ಹೆಡ್‌ಫೋನಿನೊಳಕ್ಕೆ ಬಂದಳು.

"ಅತ್ತಿಗೆ, ಆ ಬ್ಯಾಂಡಿನ ಹುಡುಗಿ ಲೈನಲ್ಲಿದಾಳೆ. ಹಾಡೋಳು. ಅಳ್ತಾ ಇದಾಳೆ."

"ಖುಷಿಗೆ ಅಳ್ತಿರ್ತಾಳೆ, ಆಮೇಲೆ ಮಾತಾಡ್ತೀನಿ ಅನ್ನು."

"ಖುಷಿಗೆ ಹೀಗೆ ಯಾರೂ ಅಳಲ್ಲ. ಕೊಡ್ತೀನಿ, ತಗೊಳ್ಳಿ."

ಹುಡುಗಿಯ ಉಸಿರು ಮೊದಲು ಕೇಳಿಸಿತು, ಆಮೇಲೆ ಮಾತು. "ಅಕ್ಕ, ನಿಮಗೆ ತಪ್ಪು ಕಾಪಿ ಕಳಿಸಿಬಿಟ್ಟಿದೀವಿ. ನಮ್ಮ ಹಾಡು ಮೂರು ನಿಮಿಷ ನಲವತ್ತೇ ಸೆಕೆಂಡು. ನೀವು ನಾಲ್ಕು ಹನ್ನೆರಡು ಅಂದಾಗ ಗೊತ್ತಾಯ್ತು. ಕೊನೇಲಿ ನಾವು ಮಾತಾಡಿರೋದು ಹಾಗೇ ಇದೆ, ಕತ್ತರಿಸಿಲ್ಲ. ದಯವಿಟ್ಟು ಮೂರೂ ಹದಿನೈದಕ್ಕೇ ದನಿ ಇಳಿಸಿಬಿಡಿ. ಮಾತು ಸರಿಯಾಗಿ ಎಲ್ಲಿ ಶುರುವಾಗತ್ತೆ ಅಂತ ನನಗೆ ನೆನಪಿಲ್ಲ."

"ಏನು ಮಾತಾಡಿದೀರಿ?"

ಪರದೆಯ ಮೇಲೆ ಒಂದು ನಿಮಿಷ ಎಂಟು ಸೆಕೆಂಡು.

"ಬೇಗ ಹೇಳಮ್ಮ."

"ನಿಮ್ಮ ವಿಷಯ. ನೀವು ಪೂರ್ತಿ ಕೇಳಲ್ಲ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಗಾಜಿನ ಕಡೆ ತಿರುಗಿ ಮೀಟರಪ್ಪನವರನ್ನು ನೋಡಿದೆ. ನಮ್ಮ ಮಾತು ಲೈನಿನಲ್ಲಿದ್ದ ನಾದಿನಿಗೆ ಮಾತ್ರ ಕೇಳಿಸುತ್ತಿತ್ತು, ಅವರಿಗಲ್ಲ. ಹಾಡು ಕೇಳುತ್ತ ಕೂತಿದ್ದರು.

"ಯಾರು ಹೇಳಿದ್ದು ನಿಮಗೆ?"

"ಲಿಂಕೇ ತೋರಿಸತ್ತೆ ಅಕ್ಕ. ಆ ಲಿಂಕು ನಿಮಗೊಬ್ಬರಿಗೇ ಕಳಿಸಿರ್ತೀವಲ್ಲ, ಎಲ್ಲಿವರೆಗೆ ಕೇಳಿ ನಿಲ್ಲಿಸಿದ್ರಿ ಅಂತ ನಮ್ಮ ಕಡೆ ಒಂದು ಗೆರೆ ಬರತ್ತೆ. ಎಲ್ರಿಗೂ ಒಂದೂವರೆ ನಿಮಿಷಕ್ಕೇ ಬರೋದು."

"ಎಲ್ರಿಗೂ ಅಂದ್ರೆ?"

"ಎಲ್ಲ ಬ್ಯಾಂಡಿನೋರಿಗೂ. ನಿಮಗೂ ಗೊತ್ತಿರತ್ತೆ ಅಂದ್ಕೊಂಡಿದ್ವಿ. ಮೊದಲ ಒಂದೂವರೆ ನಿಮಿಷಾನ ನಿಮಗೋಸ್ಕರ ಅಂತಲೇ ಕಟ್ತೀವಿ. ಅದಕ್ಕೆ ಹಾಡಕ್ಕನ ಹೊಸಿಲು ಅಂತೀವಿ."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು, ಊರೆಲ್ಲ ಸುತ್ತ ನಿಂತು ನೋಡುತ್ತಿತ್ತು. ಆರು ವರ್ಷ. ಈಗಿನ ಬ್ಯಾಂಡುಗಳು ಶುರುವಿನಲ್ಲೇ ಮನಸ್ಸು ಗೆಲ್ಲುತ್ತವೆ, ಹಿಂದಿನವರಿಗೆ ಈ ಜಾಣತನ ಇರಲಿಲ್ಲ ಎಂದು ಇದೇ ಮೈಕಿನಲ್ಲಿ ನಾನು ಎಷ್ಟು ಸಲ ಹೊಗಳಿಲ್ಲ. ಕೇಳಿ ನಕ್ಕಿರಬೇಕು. ನಗದೇ ಇದ್ದಿದ್ದರೆ ಅದು ಇನ್ನೂ ಕೆಟ್ಟದ್ದು.

"ಇಳಿಸ್ತೀನಿ, ಫೋನಿಡು," ಎಂದೆ.

ಒಂದು ನಿಮಿಷ ಮೂವತ್ತೊಂದು. ಬೆರಳನ್ನು ದನಿ ಇಳಿಸುವ ಗುಂಡಿಯ ಮೇಲಿಟ್ಟೆ. ಕೆಲಸವೇನೋ ಸುಲಭದ್ದೇ. ಮೂರೂ ಹದಿನೈದಕ್ಕೆ ನಯವಾಗಿ ಇಳಿಸಿ, ಸಮಯ ಸಾಲದು ಎಂದು ಒಂದು ಮಾತು ಹೇಳಿ, ಕಾರ್ಯಕ್ರಮ ಮುಗಿಸುವುದು. ಯಾರಿಗೂ ಏನೂ ತಿಳಿಯುವುದಿಲ್ಲ. ಮೀಟರಪ್ಪ ಕೈ ಕುಲುಕಿ ಹೋಗುತ್ತಾರೆ, ನನ್ನ ಶನಿವಾರ ನನಗೆ ಉಳಿಯುತ್ತದೆ. ಇಳಿಸದಿದ್ದರೆ ಸೋಮವಾರ ಅವರೆದುರು ಆಡಿದ ಮಾತು ಊರೆಲ್ಲ ಕೇಳುವ ಹಾಗೆ ಸುಳ್ಳಾಗುತ್ತದೆ.

ಆದ್ದರಿಂದ ಗಡಿಯಾರ ನೋಡುತ್ತ ಕಾಯುವುದೊಂದೇ ನನಗುಳಿದಿದ್ದ ಕೆಲಸ. ಕಾಯುವಾಗ ಕಿವಿ ಮುಚ್ಚಿಕೊಳ್ಳುವುದಕ್ಕಾಗುತ್ತದೆಯೇ. ನಾನು ಕೇಳಿರದ ಕಡೆಗೆ ಹಾಡು ಹೊರಟಿತ್ತು.

ಎರಡನೆಯ ನಿಮಿಷ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಗಿಟಾರು ಬಂದ ದಾರಿಯಲ್ಲೇ ಇನ್ನೊಂದು ಸುತ್ತು ಹಾಕಿತು. ನೋಡಿದೆಯಾ, ಒಂದಗುಳು ಸಾಕು ಎಂದು ಒಳಗೇ ಸಮಾಧಾನ ಮಾಡಿಕೊಂಡೆ. ಎರಡೂ ಐವತ್ತಕ್ಕೆ ಎಲ್ಲ ವಾದ್ಯಗಳೂ ನಿಂತವು. ಕೆಟ್ಟಿತು, ಮಾತು ಶುರುವಾಯಿತು ಎಂದುಕೊಂಡೆ. ಮಾತಲ್ಲ, ಹುಡುಗಿಯ ದನಿ. ಅದೊಂದೇ, ತೀರ ಹತ್ತಿರದಿಂದ. ಅದರ ಹಿಂದೆ ಯಾರೋ ತೊಡೆಯ ಮೇಲೆ ತಟ್ಟುವ ಶಬ್ದ.

ಹೋಗುವಾಗ ಬಾಗಿಲು ಎಳೆದುಕೋ,
ಪೂರ್ತಿ ಬೇಡ, ಬೆರಳಷ್ಟು ಬಿಡು.

ಅಷ್ಟನ್ನೇ ಆಕೆ ಮತ್ತೆ ಮತ್ತೆ ಹಾಡಿದಳು, ಪ್ರತಿ ಸಲ ಒಂದು ಮೆಟ್ಟಿಲು ಮೇಲೆ. ಮೂರನೆಯ ಸಲಕ್ಕೆ ಬೇಸ್ ಗಿಟಾರು ಕೆಳಗಿನಿಂದ ಬಂದು ಸೇರಿತು. ನನ್ನ ಕುತ್ತಿಗೆಯ ಹಿಂದೆ ಜುಮ್ಮೆಂದಿತು. ಹೊಸ ಹಾಡು ಕೇಳಿ ಹಾಗಾಗಿ ಎಷ್ಟು ವರ್ಷವಾಗಿತ್ತೋ, ಈ ಕೆಲಸಕ್ಕೆ ನಾನು ಬಂದದ್ದೇ ಆ ಜುಮ್ಮೆನ್ನುವುದಕ್ಕಾಗಿ ಎನ್ನುವುದೂ ಮರೆತುಹೋಗಿತ್ತು.

ಮೂರೂ ಹತ್ತು. ಹನ್ನೆರಡು. ಹದಿನೈದು.

ನಾನು ಪ್ರಾಮಾಣಿಕಳು, ಅದಕ್ಕೇ ಇಳಿಸಲಿಲ್ಲ ಎಂದು ಹೇಳಿಕೊಳ್ಳುವ ಆಸೆ ಇದೆ. ಹಾಗಲ್ಲ. ಮುಂದಿನ ಸಲ ಆ ಸಾಲು ಎಲ್ಲಿಗೆ ಏರುತ್ತದೆ ಎಂದು ನನಗೆ ತಿಳಿಯಲೇಬೇಕಾಗಿತ್ತು. ಮೂರೂ ಇಪ್ಪತ್ತಕ್ಕೆ ಡ್ರಮ್ಮು ಬಿತ್ತು, ನಾಲ್ವರೋ ಐವರೋ ಒಟ್ಟಿಗೆ ಹಾಡತೊಡಗಿದರು. ಆ ಮಾತು ಈ ಕ್ಷಣ ಬರಬಹುದು, ಈ ಕ್ಷಣ ಬರಬಹುದು ಎಂದು ಪರದೆಯನ್ನೇ ನೋಡುತ್ತಿದ್ದೆ. ಗಾಜಿನಾಚೆ ನಾದಿನಿ ಎದ್ದು ನಿಂತು, ಕತ್ತಿನ ಮುಂದೆ ಅಂಗೈ ಆಡಿಸಿ, ನಿಲ್ಲಿಸಿ ಎಂದು ಸನ್ನೆ ಮಾಡುತ್ತಿದ್ದಳು. ಮೀಟರಪ್ಪ ಅವಳನ್ನು ನೋಡಿ ನನ್ನನ್ನು ನೋಡಿದರು.

ಮೂರೂ ಮೂವತ್ತೆಂಟಕ್ಕೆ ಹಾಡು ಮುಗಿಯಿತು. ಗಿಟಾರಿನ ಕೊನೆಯ ತಂತಿ ಇನ್ನೂ ಗುಂಯ್ ಎನ್ನುತ್ತಿತ್ತು. ಒಂದು ಸೆಕೆಂಡು ಇತ್ತು ನನ್ನ ಕೈಯಲ್ಲಿ. ಗುಂಡಿಯನ್ನು ಈಗ ಒತ್ತಿದ್ದರೂ ಸಾಕಾಗಿತ್ತು. ನನ್ನ ವಿಷಯ ಇವರು ಏನು ಮಾತಾಡಿದ್ದಾರೆ, ಅದನ್ನಾದರೂ ಪೂರ್ತಿ ಕೇಳು ಎಂದುಕೊಂಡು ಕೈಯನ್ನು ಮಡಿಲಿಗೆ ಎಳೆದುಕೊಂಡೆ.

"ಕೊನೆ ಸಖತ್ತಾಗಿ ಬಂತು ಕಣೇ," ಎಂದಿತು ಗಂಡುದನಿ. "ಆದ್ರೆ ದಂಡ. ಹಾಡಕ್ಕ ಇಲ್ಲಿವರೆಗೆ ಬರಲ್ಲ. ಒಂದೂವರೆ ನಿಮಿಷಕ್ಕೆ ಎದ್ದು ಹೋಗ್ತಾರೆ."

ಇನ್ನೊಬ್ಬ ನಕ್ಕ. "ಕೊನೆಯವರೆಗೂ ಕೇಳಿದೀನಿ," ಎಂದು ನನ್ನ ದನಿಯನ್ನೇ ಅಣಕಿಸಿದ. ಚೆನ್ನಾಗಿಯೇ ಅಣಕಿಸಿದ.

"ಇದನ್ನ ಕಿತ್ತು ಮುಂದಕ್ಕೆ ಹಾಕೋಣ," ಎಂದಿತು ಮೊದಲ ದನಿ.

"ಬೇಡ." ಇದು ಹುಡುಗಿ. "ಅದು ಇರಬೇಕಾದ್ದು ಕೊನೇಲೇ."

"ಯಾರಿಗೋಸ್ಕರ?"

"ಯಾರಾದ್ರೂ ಕೊನೆವರೆಗೂ ಕೂತಿರ್ತಾರಲ್ಲ, ಅವರಿಗೆ ಇರ್ಲಿ."

ಕುರ್ಚಿ ಜರುಗಿದ ಸದ್ದು, ಆಮೇಲೆ ಏನೂ ಇಲ್ಲ. ನಾಲ್ಕು ಹನ್ನೆರಡು.

ರೇಡಿಯೋದಲ್ಲಿ ಮೌನ ಅಂದರೆ ಅಪರಾಧ. ಆರು ಸೆಕೆಂಡು ನಾನು ಆ ಅಪರಾಧ ಮಾಡಿದೆ. ಆಮೇಲೆ ಮೈಕು ತೆರೆದೆ.

"ಅವರು ಹೇಳಿದ್ದು ನಿಜ," ಎಂದೆ. "ಆರು ವರ್ಷದಿಂದ ನಾನು ಒಂದೂವರೆ ನಿಮಿಷ ಕೇಳಿ ನಿಮಗೆ ಹೇಳ್ತಾ ಬಂದೆ. ಪೂರ್ತಿ ಕೇಳಿದೀನಿ ಅಂತ ಸುಳ್ಳು ಹೇಳಿದೆ. ಈ ಹಾಡನ್ನ ನಾನೂ ಈಗ ನಿಮ್ಮ ಜೊತೆನೇ ಮೊದಲ ಸಲ ಕೇಳಿದ್ದು. ಈಗ ಹೇಳ್ತಿದೀನಿ, ಹಾಡು ಚೆನ್ನಾಗಿದೆ." ಸಮಯ ಇನ್ನೂ ಐದು ನಿಮಿಷ ಇತ್ತು. ಏನು ಮಾಡಲೂ ತೋಚದೆ ಅದೇ ಹಾಡನ್ನು ಇನ್ನೊಮ್ಮೆ ಹಾಕಿದೆ, ಮೂರೂ ಮೂವತ್ತೆಂಟರವರೆಗೆ.

ಮೀಟರಪ್ಪ ಬಾಗಿಲು ತೆರೆದು ಒಳಗೆ ಬಂದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಸೋಮವಾರ ನೀವು ಹೇಳಿದ್ದನ್ನ ನಾನು ನಂಬಿದ್ದೆ," ಎಂದರು. "ಮುಂದಿನ ಶನಿವಾರದಿಂದ ಬೇಡಮ್ಮ."

"ಸರಿ ಸಾರ್," ಎಂದೆ.

ಮನೆಗೆ ಹೋಗುವ ಬಸ್ಸಿನಲ್ಲಿ ನಾದಿನಿ, "ನನಗೆ ಗೊತ್ತಿತ್ತು ಅತ್ತಿಗೆ," ಎಂದಳು. "ಪಕ್ಕದ ಕೋಣೇಲಿ ಇರ್ತೀನಲ್ಲ. ಇಷ್ಟು ವರ್ಷದಲ್ಲಿ ನಮ್ಮ ಮನೇಲಿ ಒಂದು ಹಾಡು ಮುಗಿದದ್ದು ನಾನು ಕೇಳಿಲ್ಲ. ಬರೀ ಶುರು, ಶುರು, ಶುರು."

"ಒಂದು ಮಾತು ಹೇಳಬಾರದಿತ್ತಾ?"

"ಅಣ್ಣನಿಗೇ ಒಂದು ಮಾತು ಪೂರ್ತಿ ಆಡೋಕೆ ಬಿಡಲ್ಲ ನೀವು. ನಾನ್ಯಾವ ಗಿಡದ ತೊಪ್ಪಲು."

ನನ್ನ ಗಂಡ ತನ್ನ ಅಣ್ಣನೆಂದೇ ಅವಳು ಹೀಗೆ ಹೇಳುತ್ತಾಳೆ ಎಂದು ರೇಗಿತು. ಅವಳು ಹೇಳಿದ್ದು ನಿಜವಾದ್ದರಿಂದ ಕಿಟಕಿಯ ಕಡೆ ತಿರುಗಿಕೊಂಡೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಊಟದ ಮೇಜಿನ ಮೇಲೇ ಕಂಪ್ಯೂಟರು ಇಟ್ಟುಕೊಂಡು ಕೂತೆ. ಈ ಆರು ವರ್ಷದಲ್ಲಿ ನಾನು ಒಂದೂವರೆ ನಿಮಿಷ ಕೇಳಿ ಬೇಡವೆಂದು ಬಿಟ್ಟ ಹಾಡುಗಳ ಪಟ್ಟಿ ಹಾಗೇ ಇತ್ತು. ಸಾವಿರಗಟ್ಟಲೆ. ಕಾರ್ಯಕ್ರಮವೇ ಇಲ್ಲದ ಮೇಲೆ ಇದು ಯಾತಕ್ಕೆ ಎಂದು ನಾದಿನಿ ಕೇಳಲಿಲ್ಲ. ಎದುರಿಗೆ ಕೂತು ಸ್ವೆಟರ್ ಹೆಣೆಯತೊಡಗಿದಳು. ಎಲ್ಲಕ್ಕಿಂತ ಹಳೆಯ ಲಿಂಕು ತೆರೆದೆ. ಪಕ್ಕದಲ್ಲಿ ನಾನೇ ಬರೆದಿದ್ದ ಷರಾ ಇತ್ತು: ಶುರು ಸಪ್ಪೆ. ಮೂರು ನಿಮಿಷ ಐವತ್ತಾರು ಸೆಕೆಂಡು ಕೂತು ಕೇಳಿದೆ. ಕೊನೆಯೂ ಸಪ್ಪೆಯೇ.

"ಇದು ಚೆನ್ನಾಗಿಲ್ಲ," ಎಂದಳು ನಾದಿನಿ.

"ಇಲ್ಲ," ಎಂದೆ. ಆದರೂ ಮುಗಿಯುವವರೆಗೆ ಕೂತಿದ್ದೆವು.

ಎರಡನೆಯ ಹಾಡಿನ ಅರ್ಧದಲ್ಲಿದ್ದಾಗ ಫೋನು ಗುಂಯ್‌ಗುಟ್ಟಿತು. ಮೊದಲನೆಯ ಹಾಡಿನವರ ಸಂದೇಶ. ಆರು ವರ್ಷದ ಹಿಂದೆ ಕಳಿಸಿದ್ದ ಲಿಂಕು, ಆರು ವರ್ಷದಿಂದ ಅದರ ಗೆರೆ ಒಂದೂವರೆ ನಿಮಿಷದಲ್ಲೇ ನಿಂತಿದ್ದದ್ದನ್ನು ಅವರು ಕಂಡಿದ್ದರು.

"ನಮಸ್ಕಾರ ಹಾಡಕ್ಕ. ನಮ್ಮ ಬ್ಯಾಂಡು ಈಗ ಇಲ್ಲ. ಲಿಂಕು ಕೆಟ್ಟುಹೋಗಿದೆ ಅನ್ಸತ್ತೆ, ನೀವು ಪೂರ್ತಿ ಕೇಳಿದೀರಿ ಅಂತ ತೋರಿಸ್ತಾ ಇದೆ. ನಿಮಗೆ ತೊಂದರೆ ಆಗ್ತಿದ್ರೆ ತೆಗೆದುಬಿಡ್ತೀನಿ."

ಓದಿ ಅತ್ತುಬಿಟ್ಟೆ. ನಾದಿನಿ ಹೆಣಿಗೆ ಕೆಳಗಿಟ್ಟು ಹಾಡು ನಿಲ್ಲಿಸಲು ಕೈ ಚಾಚಿದಳು. ನಾನು ಅವಳ ಕೈ ಹಿಡಿದುಕೊಂಡೆ. ಎರಡನೆಯ ಹಾಡು ಮುಗಿದ ಮೇಲೆ, ತೆಗೆಯಬೇಡಿ, ಲಿಂಕು ಸರಿಯಾಗಿದೆ ಎಂದು ಬರೆದು ಕಳಿಸಿದೆ.