ಹಿಂದಿನ ಬಲಗಡೆ ಸೀಟು

೧

ಎಲ್ಲಿಂದ ಶುರು ಮಾಡಲಿ? ಕಾರಿನಿಂದಲೋ, ತೀರಿಕೊಂಡವರಿಂದಲೋ?

ಕಾರಿನಿಂದ ಶುರು ಮಾಡಿದರೆ ಇದು ಯಾವುದೋ ವಾಹನ ಪತ್ರಿಕೆಯ ಪುಟವೆಂದು ನೀವು ಮಗುಚಿಹಾಕುತ್ತೀರಿ. ತೀರಿಕೊಂಡವರಿಂದ ಶುರು ಮಾಡಿದರೆ, ಈ ಮುದುಕ ನಮ್ಮನ್ನು ಅಳಿಸಲು ಕೂತಿದ್ದಾನೆ ಎಂದು ಆಗಲೂ ಮಗುಚಿಹಾಕುತ್ತೀರಿ. ಬೆಳಿಗ್ಗೆ ಬುದ್ಧನ ಮುಂದೆ ಧೂಪ ಹಚ್ಚಿ, ಕೈಮುಗಿದು ಬರೆಯಲು ಕೂತವನು ಧೂಪ ಆರುವಷ್ಟರಲ್ಲಿ ಬರೆದದ್ದನ್ನೆಲ್ಲ ಹೊಡೆದುಹಾಕಿದ್ದೇನೆ.

ಹೊಡೆದುಹಾಕಿದ ಒಂದು ವಾಕ್ಯ: "ಅದೊಂದು ಪುಟ್ಟ ಎಸ್‌ಯುವಿ, ಅಂದರೆ ಸಣ್ಣ ಕಾರು ಎತ್ತರದ ಚಪ್ಪಲಿ ಮೆಟ್ಟಿಕೊಂಡು ದೊಡ್ಡ ಕಾರಿನ ಹಾಗೆ ಎದೆಯುಬ್ಬಿಸಿ ನಿಂತಂಥದ್ದು." (ಸೂತಕದ ಮನೆಯಲ್ಲಿ ಇಷ್ಟು ಚುರುಕುತನ ಸಲ್ಲದು.)

ಇನ್ನೊಂದು: "ಮಲ್ಯೆ ಎಂಬ ಮುದುಕಿ ಆ ಕಾರಿನ ಮುಂದಿನ ಸೀಟಿನಲ್ಲಿ ಒಂದು ಸಲವೂ ಕೂರಲಿಲ್ಲ." (ಇದು ನಿಜ. ಆದರೆ ನಿಜವನ್ನು ಮೊದಲೇ ಹೇಳಿಬಿಟ್ಟರೆ ಕಥೆಗಾರನಿಗೇನು ಕೆಲಸ?)

ಇರಲಿ, ಇಂಚೊಲ್‌ನಿಂದ ಶುರು ಮಾಡುತ್ತೇನೆ. ಇವನು ಮಲ್ಯೆಯ ಮಗ, ಅರವತ್ತು ದಾಟಿದವನು. ಮುಕ್ಹೊ ಬಂದರಿನ ಮೇಲಿನ ಗುಡ್ಡದಲ್ಲಿ ಅವನ ಅಪಾರ್ಟ್‌ಮೆಂಟು. ಈಗ ಕೆಳಗೆ ಪಾರ್ಕಿಂಗಿನಲ್ಲಿ ಒದ್ದೆ ಬಟ್ಟೆ ಹಿಡಿದು ಕಾರು ಒರೆಸುತ್ತಿದ್ದಾನೆ. ಮೂರನೆಯ ಮಹಡಿಯ ದಾಲ್ಹೊ ಊಟ ಮುಗಿಸಿ ಕಾರು ನೋಡಲು ಬರುತ್ತೇನೆಂದಿದ್ದಾನೆ. ಅವನು ಕೇಳಿದ್ದಿಷ್ಟೇ:

"ಅಣ್ಣಾ, ನಾಲ್ಕು ವರ್ಷ ಓಡ್ಸಿದೀರ. ಒಳ್ಳೇದು ಕೆಟ್ಟದ್ದು ಎರಡೂ ಬಾಯಿಬಿಟ್ಟು ಹೇಳ್ಬಿಡಿ. ಅಮ್ಮನ್ನ ಕೂರಿಸ್ಕೊಂಡು ಓಡಾಡ್ಬೇಕು, ಅದಕ್ಕೆ."

ಆ ಕೊನೆಯ ಮಾತೊಂದು ಇಲ್ಲದಿದ್ದರೆ ಕಾರು ಎಂದೋ ಕೈಬದಲಾಗುತ್ತಿತ್ತು. ನಾನೂ ಧೂಪ ಹಚ್ಚಿ ಸುಮ್ಮನಿರುತ್ತಿದ್ದೆ.

೨

ಒಳ್ಳೆಯದನ್ನು ಹೇಳುವುದು ಸುಲಭ. ಕಾರು ಒರೆಸುತ್ತಲೇ ಇಂಚೊಲ್ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಾನೆ.

ಸೀಟು ಸೊಂಟದ ಮಟ್ಟಕ್ಕಿದೆ. ಹತ್ತುವಾಗ ಕಾಲೆತ್ತಬೇಕಿಲ್ಲ, ಇಳಿಯುವಾಗ ಬಾವಿಯಿಂದ ಎದ್ದುಬರುವ ಹಾಗೆ ಏಳಬೇಕಿಲ್ಲ. ಮಂಡಿ ಹೋದವರಿಗೆ ಇದಕ್ಕಿಂತ ಬೇರೆ ಉಪಕಾರವಿಲ್ಲ. ಮುಂದೆ ಕೂತರೆ ರಸ್ತೆ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಮುಕ್ಹೊದ ಗುಡ್ಡದ ಓಣಿಗಳಲ್ಲಿ, ಎರಡೂ ಕಡೆ ಮೀನಿನ ಬುಟ್ಟಿಗಳಿದ್ದರೂ, ಒಂದೇ ಸಲಕ್ಕೆ ತಿರುಗುತ್ತದೆ. ಎಣ್ಣೆ ಕುಡಿಯುವುದು ಕಡಿಮೆ. ಹಿಂದಿನ ಸೀಟು ಮಡಚಿದರೆ ಹತ್ತು ಮನೆಗಾಗುವಷ್ಟು ಕಿಮ್ಚಿ ಉಪ್ಪಿನಕಾಯಿಯ ಕೋಸು ತುಂಬಬಹುದು.

ಕೆಟ್ಟದ್ದು? ಏರಿನಲ್ಲಿ ನರಳುತ್ತದೆ. ಚಕ್ರದ ಸದ್ದು ಒಳಗೆ ಬರುತ್ತದೆ. ಹಿಂದಿನ ಕಿಟಕಿಗಳ ಪಕ್ಕದ ಕಂಬಗಳು ದಪ್ಪ, ಗಾಜು ಚಿಕ್ಕದು. ರಿವರ್ಸ್ ತೆಗೆಯುವಾಗ ಕ್ಯಾಮೆರಾವನ್ನೇ ನಂಬಬೇಕು.

ಅವನ ಕೈ ಹಿಂದಿನ ಬಲಗಡೆಯ ಬಾಗಿಲಿಗೆ ಬಂದಿದೆ. ಒರೆಸದೆ ನಿಂತಿದ್ದಾನೆ.

(ಓದುಗರೇ, ಅವನು ಅಲ್ಲೇ ನಿಂತಿರಲಿ. ನಾನು ನಾಲ್ಕು ವರ್ಷ ಹಿಂದೆ ಹೋಗಿಬರುತ್ತೇನೆ.)

೩

ಶೋರೂಮಿಗೆ ಮನೆಯವರೆಲ್ಲ ಹೋಗಿದ್ದರು. ಇಂಚೊಲ್ ಸ್ಟೀರಿಂಗ್ ಹಿಡಿದು ನೋಡಿದ. ಹೆಂಡತಿ ಒಕ್ರಾನ್ ಪಕ್ಕದಲ್ಲಿ ಕೂತು ಕನ್ನಡಿ ಇಳಿಸಿ ಮುಖ ನೋಡಿಕೊಂಡಳು. ಮಗಳು ದಾಸೊಲ್ ಡಿಕ್ಕಿ ತೆರೆದು, ಮುಚ್ಚಿ, ತೆರೆದಳು. ಮಲ್ಯೆ ಕೈಚೀಲ ಎದೆಗವಚಿಕೊಂಡು ಹೊರಗೆ ನಿಂತಿದ್ದಳು.

"ನೀವೂ ಒಂದ್ಸಲ ಕೂತು ನೋಡಿ ಅಜ್ಜಿ," ಎಂದ ಅಂಗಡಿಯ ಹುಡುಗ.

"ನನಗೇನು ಗೊತ್ತಾಗುತ್ತಪ್ಪ! ಚಕ್ರ ನಾಲ್ಕೂ ಇದಾವಲ್ಲ, ಸಾಕು."

ಎಲ್ಲರೂ ನಕ್ಕರು. ಹಿಂದಿನ ಸೀಟಿನಲ್ಲಿ ಯಾರೂ ಕೂತು ನೋಡಲಿಲ್ಲ.

ಕಾರು ಮನೆಗೆ ಬಂದ ದಿನ ಪೂಜೆ ಮಲ್ಯೆಯದೇ. ಚಕ್ರಗಳಿಗೆ ಅಕ್ಕಿಯ ಹೆಂಡ ಎರೆದಳು. ಒಣಗಿದ ಇಡೀ ಮೀನೊಂದಕ್ಕೆ ಬಿಳಿ ದಾರ ಸುತ್ತಿ ಡಿಕ್ಕಿಯ ಮೂಲೆಯಲ್ಲಿಟ್ಟಳು. "ಇದು ಕಣ್ಣು ಮುಚ್ಚಲ್ಲ ನೋಡು. ನೀನು ತೂಕಡಿಸಿದ್ರೂ ಇದು ರಸ್ತೆ ನೋಡ್ತಾ ಇರುತ್ತೆ," ಎಂದು ಮಗನಿಗೆ ಹೇಳಿದಳು.

ಡಿಕ್ಕಿಯ ಒಳಗಿನಿಂದ ಮೀನಿಗೆ ಯಾವ ರಸ್ತೆ ಕಾಣುತ್ತದೆ ಎಂದು ಯಾರೂ ಕೇಳಲಿಲ್ಲ. ಅಂಥದ್ದನ್ನೆಲ್ಲ ಕೇಳುವ ರೂಢಿ ನಮ್ಮಲ್ಲಿಲ್ಲ.

೪

ನಮ್ಮಲ್ಲಿ ಸ್ಟೀರಿಂಗ್ ಎಡಕ್ಕೆ, ಹಿಂದಿನ ಬಲಗಡೆ ಸೀಟು ದೊಡ್ಡವರದು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮಕ್ಕಳು ನೋಡಿ ಕಲಿಯುತ್ತವೆ. ಕಂಪನಿಯ ಯಜಮಾನ ಅಲ್ಲಿ ಕೂರುತ್ತಾನೆ, ಮಠದ ಗುರುಗಳು ಅಲ್ಲಿ ಕೂರುತ್ತಾರೆ, ಮನೆಯ ಹಿರಿಯರು ಅಲ್ಲಿ ಕೂರುತ್ತಾರೆ. (ಈ ವಯಸ್ಸಿನಲ್ಲಿ ನನಗೂ ಎಲ್ಲರೂ ಆ ಬಾಗಿಲನ್ನೇ ತೆರೆಯುತ್ತಾರೆ. ಬೇಡ ಎಂದರೆ ತೆರೆದವರಿಗೆ ಅವಮಾನ.)

ಮಲ್ಯೆ ಒಮ್ಮೆ ಮಾತ್ರ ಮುಂದಿನ ಬಾಗಿಲ ಹಿಡಿಗೆ ಕೈ ಹಾಕಿದ್ದಳು. ಒಕ್ರಾನ್ ಓಡಿಬಂದಳು.

"ಅಯ್ಯೋ ಅತ್ತೆ! ನೀವು ಮುಂದೆ ಕೂತು ನಾನು ಹಿಂದೆ ಕೂತು ಮೆರೆಯೋದಾ? ನೋಡಿದೋರು ನನ್ನ ಮುಖಕ್ಕೆ ಉಗೀತಾರೆ ಅಷ್ಟೇ."

"ಇಲ್ಲ ಕಣೆ, ಮರೆತುಹೋಯ್ತು. ಕೈ ತಾನಾಗೇ ಹೋಯ್ತು," ಎಂದು ಮಲ್ಯೆ ಹಿಂದಕ್ಕೆ ಹೋಗಿ ಕೂತಳು.

ಇಲ್ಲಿ ನಾನು ಲೇಖನಿ ಕೆಳಗಿಟ್ಟೆ. ಮರೆತದ್ದು ನಿಜವೇ? ಒಂದು ಕರಡಿನಲ್ಲಿ ಅವಳಿಂದ ಬಾಯಿಬಿಟ್ಟು ಕೇಳಿಸಿದೆ: "ನಂಗೆ ಮುಂದೆ ಕೂರ್ಬೇಕು ಅನ್ಸುತ್ತೆ ಮಗಾ." ಆ ಕರಡು ಒಲೆಗೆ ಹೋಯಿತು. ಸೊಸೆಯನ್ನು ನಾಲ್ಕು ಜನರ ಎದುರು ಪೇಚಿಗೆ ಸಿಕ್ಕಿಸುವ ಹೆಂಗಸಲ್ಲ ಅವಳು. ಅವಳಿಗಾಗದ ಮಾತನ್ನು ಅವಳ ಬಾಯಲ್ಲಿಟ್ಟರೆ ಅದು ಅವಳಿಗೆ ಇನ್ನೊಂದು ಉಪಚಾರವಾದೀತು. ಉಪಚಾರ ಅವಳಿಗೆ ಆಗಲೇ ಬೇಕಾದಷ್ಟಾಗಿತ್ತು.

೫

ವಾರಕ್ಕೊಂದು ಸಲ ಮಲ್ಯೆ ಗಂಗ್‌ನುಂಗಿನ ಆಸ್ಪತ್ರೆಗೆ ಹೋಗಬೇಕಿತ್ತು. ಹೆದ್ದಾರಿ ಹಿಡಿದರೆ ಬೇಗ, ರಸ್ತೆಯೂ ನುಣುಪು. ಆದರೆ ಇಂಚೊಲ್ ಹಿಡಿಯುತ್ತಿದ್ದದ್ದು ಕಡಲಂಚಿನ ಹಳೆಯ ದಾರಿ. ತಿರುವು, ಉಬ್ಬು, ತೇಪೆಗಳ ದಾರಿ. ಉತ್ತರಕ್ಕೆ ಹೋಗುವಾಗ ಸಮುದ್ರ ಬಲಕ್ಕೆ, ತಾಯಿ ಕೂತ ಕಡೆಗೇ. ದಡದಲ್ಲಿ ಸ್ಕ್ವಿಡ್ ಮೀನು ಒಣಗಿಸುತ್ತಲೇ ಮುದುಕಿಯಾದವಳು ಅವಳು. ಕಡಲು ನೋಡದಿದ್ದರೆ ಅವಳಿಗೆ ಊಟ ಸೇರುವುದಿಲ್ಲ ಎಂದು ಮಗನ ನಂಬಿಕೆ.

"ಅಮ್ಮಾ, ಸಮುದ್ರ ಹೇಗಿದೆ?"

"ಚೆನ್ನಾಗಿದೆ ಕಣೋ. ಇವತ್ತು ಅಲೆ ಜೋರಾಗಿದೆ."

ಒಂದು ವಾರ ಅಲೆ ಜೋರು, ಮುಂದಿನ ವಾರ ನೀರು ಕನ್ನಡಿಯ ಹಾಗೆ. ಒಮ್ಮೊಮ್ಮೆ, "ದೋಣಿಗಳು ತುಂಬಾ ಹೊರಟಿವೆ," ಎನ್ನುತ್ತಿದ್ದಳು. ಇಂಚೊಲ್ ಕಣ್ಣು ರಸ್ತೆಯ ಮೇಲೆ. ತಾಯಿ ಹೇಳಿದ ಸಮುದ್ರ ಅವನಿಗೆ ಸಾಕಾಗುತ್ತಿತ್ತು. ಕಾರಿನ ಒಳ್ಳೆಯ ಗುಣಗಳಲ್ಲಿ ಅವನು ಇದನ್ನೂ ಸೇರಿಸಿದ್ದ.

ಈ ವರ್ಷ ಚಳಿಗಾಲ ಕಳೆಯುವ ಮೊದಲೇ ಮಲ್ಯೆ ಹೋದಳು.

೬

ತಾಯಿ ತೀರಿದ ನಲವತ್ತೊಂಬತ್ತನೆಯ ದಿನದ ಪೂಜೆಗೆ ಹೊರಟಾಗ ಮಗಳು ದಾಸೊಲ್ ಅಪ್ಪನ ಕೈಯಿಂದ ಕೀಲಿ ಕಿತ್ತುಕೊಂಡಳು. ದೇವಾಲಯ ಗಂಗ್‌ನುಂಗಿನ ಕಡೆಗೇ, ದಾರಿಯೂ ಅದೇ. ಅವಳು ಹಿಂದಿನ ಬಲಗಡೆಯ ಬಾಗಿಲು ತೆರೆದು ನಿಂತಳು.

"ಹತ್ತಿ ಅಪ್ಪಾ. ಇನ್ಮೇಲೆ ನಮ್ಮನೇಲಿ ನೀವೇ ದೊಡ್ಡೋರು."

ಇಂಚೊಲ್ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದು ಅಂದೇ ಮೊದಲು. ಮೊದಲ ಉಬ್ಬಿಗೆ ಬೆನ್ನುಮೂಳೆಯ ಬುಡದಲ್ಲಿ ಯಾರೋ ಗುದ್ದಿದ ಹಾಗಾಯಿತು. ಎರಡನೆಯದಕ್ಕೆ ಹಲ್ಲು ಕಟಕಟ ಎಂದಿತು. ಹಿಂದಿನ ಚಕ್ರ ಸರಿಯಾಗಿ ಆ ಸೀಟಿನ ಬುಡದಲ್ಲೇ ಇತ್ತು.

"ಮೆಲ್ಲಗೆ ಓಡ್ಸೆ."

"ಇದಕ್ಕಿಂತ ಮೆಲ್ಲಗೆ ಹೋದ್ರೆ ಹಿಂದಿನ ಗಾಡಿಯೋರು ಇಳಿದು ತಳ್ತಾರೆ ಅಪ್ಪಾ."

ಆಗ ಅವನಿಗೆ ಕಂಡದ್ದು ಕಿಟಕಿ ಪಕ್ಕದ ಕಂಬಕ್ಕೆ ಹೊದಿಸಿದ ಬಟ್ಟೆಯ ಮೇಲಿನ ಕಲೆ. ಅಂಗೈಯಷ್ಟು ಅಗಲ. ಮೂಸಿ ನೋಡಿದ. ಕೆಮೆಲಿಯಾ ಹೂವಿನ ತಲೆಯೆಣ್ಣೆ, ತಾಯಿಯದು. ತಲೆ ಒರಗಿಸಿ ಒರಗಿಸಿ ಆದ ಕಲೆ. ಆದರೆ ಅದು ಅವನ ಭುಜಕ್ಕಿಂತ ಕೆಳಗಿತ್ತು. ಬೆನ್ನು ಬಾಗಿ ಮುದುಡಿಹೋಗಿದ್ದ ಜೀವ ಅದು.

ಇಂಚೊಲ್ ಸೀಟಿನಲ್ಲಿ ಜಾರಿದ. ಮಂಡಿ ಮುಂದಿನ ಸೀಟಿಗೆ ತಾಗುವವರೆಗೆ ಜಾರಿ, ತಲೆಯನ್ನು ಕಲೆಯ ಮಟ್ಟಕ್ಕೆ ತಂದ. ತಂದು ಕಿಟಕಿ ನೋಡಿದ.

ಈ ಜಾತಿಯ ಕಾರುಗಳಲ್ಲಿ ಕಿಟಕಿಯ ಅಂಚು ಹಿಂದಕ್ಕೆ ಹೋದಂತೆ ಮೇಲಕ್ಕೇರುತ್ತದೆ. ಹೊರಗಿನಿಂದ ನೋಡಿದರೆ ಓಡಲು ಹೊರಟ ಪ್ರಾಣಿಯ ಸೊಂಟದ ಹಾಗೆ ಚೆಂದ. ಒಳಗಿನಿಂದ, ಕಲೆಯ ಮಟ್ಟದಿಂದ, ಕಂಡದ್ದು ಆಕಾಶ, ವಿದ್ಯುತ್ ತಂತಿ, ಒಂದು ಕಡಲಹಕ್ಕಿ.

ಸಮುದ್ರ ಇರಲಿಲ್ಲ.

"ಅಪ್ಪಾ, ಯಾಕೆ ಹಂಗೆ ಕೂತಿದೀರ? ಹೊಟ್ಟೆನೋವಾ?" ಮಗಳು ಕನ್ನಡಿಯಲ್ಲಿ ನೋಡಿ ಕೇಳಿದಳು.

ನಾಲ್ಕು ವರ್ಷ, ಆ ದಾರಿಯ ಒಂದೊಂದು ಉಬ್ಬಿಗೂ, ಅವನೇ ಹುಡುಕಿ ಹುಡುಕಿ ತಾಯಿಯನ್ನು ಕರೆದೊಯ್ದಿದ್ದ. ಅವಳು ಆಕಾಶ ನೋಡಿ ಅವನಿಗೆ ಸಮುದ್ರ ಹೇಳಿದ್ದಳು.

೭

ಇಲ್ಲಿ ನಾನು ಕಥೆಗಾರನಿಗಿರುವ ಅಧಿಕಾರ ಬಳಸಲು ಹೊರಟೆ. ಬರೆದೆ: "ಒಂದು ಬೆಳಿಗ್ಗೆ ಇಂಚೊಲ್ ಮುಂದಿನ ಬಾಗಿಲು ತೆರೆದು, 'ಅಮ್ಮಾ, ಇವತ್ತು ಇಲ್ಲಿ ಕೂತ್ಕೋ' ಎಂದ. ಮಲ್ಯೆ ಕೂತಳು. ಕಡಲು ಗಾಜಿನ ತುಂಬ ಬಂತು."

"ಹೊಡೆದುಹಾಕಿ ಮೇಷ್ಟ್ರೇ," ಎಂದ ಇಂಚೊಲ್.

"ಯಾಕಪ್ಪ? ಒಂದೇ ಒಂದು ಪುಟ. ಯಾರಿಗೇನು ನಷ್ಟ?"

"ಅವಳು ಕೂತಿಲ್ಲ. ನಾನು ಕರೀಲಿಲ್ಲ. ನೀವು ಕೂರಿಸಿಬಿಟ್ರೆ ಓದಿದೋರು ಸಮಾಧಾನವಾಗಿ ಹೋಗ್ತಾರೆ, ನಾನು ಎಲ್ಲಿಗೆ ಹೋಗ್ಲಿ?"

ಹೊಡೆದುಹಾಕಿದೆ. ಆಮೇಲೆ ಮಲ್ಯೆಯನ್ನೇ ಕೇಳೋಣವೆಂದು ಅವಳನ್ನು ಪುಟಕ್ಕೆ ಕರೆದೆ. ಬೆಳ್ಳುಳ್ಳಿ ಸುಲಿಯುತ್ತಲೇ ಬಂದಳು.

"ಸತ್ತೋಳನ್ನ ಕರೆದು ಕಾರಿನ ವಿಷಯ ಕೇಳ್ತೀರಲ್ಲ, ನಿಮಗೆ ಬೇರೆ ಕೆಲಸ ಇಲ್ವಾ? ಬೆನ್ನು ಎಲ್ಲಿ ಕೂತ್ರೂ ನೋಯ್ತಿತ್ತು. ಮಗ ಮಾತಾಡ್ತಿದ್ದ. ಅಷ್ಟು ಸಾಕಿತ್ತು."

ಎಷ್ಟು ಚೆಂದದ ಉತ್ತರ! ಆದರೆ ಬರೆದವನು ನಾನು. ನಾನು ಹೇಳಿಸಿದ್ದನ್ನು ಅವಳು ಹೇಳಿದಳು. ಬದುಕಿದ್ದಾಗ ಮಗನಿಗೆ ಬೇಕಾದ್ದನ್ನು ಹೇಳಿದ ಹಾಗೆಯೇ. ಇದನ್ನು ಇಂಚೊಲ್‌ಗೆ ತೋರಿಸಲಿಲ್ಲ. ತೀರಿಕೊಂಡವರ ಕ್ಷಮೆಯನ್ನು ತಾನೇ ಬರೆದುಕೊಡುವುದು ಪಾಪವೆಂದು ನನ್ನ ನಂಬಿಕೆ.

೮

ದಾಲ್ಹೊ ಬಂದ. ಅವನ ತಾಯಿ ಸುನ್‌ಬುನ್ ಕೋಲೂರಿಕೊಂಡು ಜೊತೆಗೇ ಬಂದಳು.

"ಹೇಳಿ ಅಣ್ಣಾ, ಏನಿದೆ ಕೆಟ್ಟದ್ದು?"

ಇಂಚೊಲ್ ಬಾಯಿ ತೆರೆದ. ಏರು, ಸದ್ದು, ಕಂಬ, ಎಲ್ಲ ಹೇಳಿದ. ಹಿಂದಿನ ಸೀಟಿನ ಮಾತು ಎತ್ತಲಿಲ್ಲ. ಹೇಳಿದರೆ ತಾಯಿಗೆ ತಾನು ಮಾಡಿದ್ದು ತನ್ನ ಬಾಯಿಂದಲೇ ಖಾತ್ರಿಯಾಗುತ್ತದೆ; ಹೇಳದಿದ್ದರೆ ಇನ್ನೊಬ್ಬ ತಾಯಿ ನಾಳೆಯಿಂದ ಆ ಕಲೆಯ ಕೆಳಗೆ ಕೂರುತ್ತಾಳೆ.

"ಅಷ್ಟೇನಾ? ಹಾಗಾದ್ರೆ ಒಂದು ರೌಂಡು ಹೋಗ್ಬರೋಣ. ಬಾಮ್ಮ," ಎಂದು ದಾಲ್ಹೊ ಹಿಂದಿನ ಬಲಗಡೆಯ ಬಾಗಿಲು ತೆರೆದ.

ಸುನ್‌ಬುನ್ ಕೋಲು ಮುಂದಿಟ್ಟಳು. ಅಷ್ಟರಲ್ಲಿ ಇಂಚೊಲ್ ನಡುವೆ ನುಗ್ಗಿ, ಅವಳ ಮೈ ಸೋಕಿಸಿಕೊಂಡೇ ಒಳಗೆ ಹತ್ತಿ, ಆ ಸೀಟಿನಲ್ಲಿ ತಾನೇ ಕೂತುಬಿಟ್ಟ.

ದಾಲ್ಹೊನ ಬಾಯಿ ತೆರೆದೇ ಇತ್ತು. "ಅಣ್ಣಾ! ಅಮ್ಮ... ಅಮ್ಮ ಕೂರ್ಬೇಕಲ್ವಾ ಅಲ್ಲಿ?"

"ನನಗೆ ಸೊಂಟನೋವು. ಅಮ್ಮ ಮುಂದೆ ಕೂತ್ಕೊಳ್ಳಲಿ."

"ಅಯ್ಯೋ, ಬಿಡೋ. ಆಕಡೆ ಹೋಗಿ ಡ್ರೈವರ್ ಹಿಂದೆ ಕೂರ್ತೀನಿ," ಎಂದಳು ಸುನ್‌ಬುನ್.

"ಆ ಬಾಗಿಲು ಕೆಟ್ಟಿದೆ," ಎಂದ ಇಂಚೊಲ್. (ಕೆಟ್ಟಿರಲಿಲ್ಲ. ಈ ಸುಳ್ಳು ನಾನು ಕೊಟ್ಟದ್ದಲ್ಲ, ಅವನೇ ಹುಟ್ಟಿಸಿದ.)

ಸುನ್‌ಬುನ್ ಮುಂದೆ ಕೂತಳು. "ಸಾಯೋ ಕಾಲಕ್ಕೆ ಹೊಸ ಮದುವಣಗಿತ್ತಿ ಥರ ಆಯ್ತು ನನ್ನ ಕಥೆ," ಎಂದು ಗೊಣಗಿದಳು. ದಾಲ್ಹೊ ಸ್ಟೀರಿಂಗ್ ಹಿಡಿದ; ಕಾರು ಕಡಲಂಚಿನ ದಾರಿಗೆ ಬಂತು. ಮೊದಲ ಉಬ್ಬು ಇಂಚೊಲ್‌ನ ಬೆನ್ನಿಗೆ ಬಿತ್ತು. ಅವನು ಮೆಲ್ಲಗೆ ಜಾರಿ, ತಲೆಯನ್ನು ಕಲೆಗೆ ಒರಗಿಸಿ, ಕೇಳಿದ:

"ಅಮ್ಮಾ, ಸಮುದ್ರ ಹೇಗಿದೆ?"

ಮುಂದಿನ ಸೀಟಿನಿಂದ ಉತ್ತರ ಬಂತು.

"ಚೆನ್ನಾಗಿದೆ ಕಣಪ್ಪ. ಅಲೆ ಜೋರಾಗಿದೆ."

ದಾಲ್ಹೊ ಪಕ್ಕಕ್ಕೆ ನೋಡಿ ಗೊಳ್ಳೆಂದು ನಕ್ಕ. "ಎಲ್ಲಿ ನೋಡಿದೆ ಅಮ್ಮ? ಹೊರಟಾಗಿಂದ ಕಣ್ಣು ಬಿಗಿಯಾಗಿ ಮುಚ್ಕೊಂಡಿದೀಯ!"

"ನಿನ್ನ ಡ್ರೈವಿಂಗು, ಎದುರಿಗೆ ಬರೋ ಲಾರಿ, ಎರಡೂ ನೋಡೋಕಾಗುತ್ತಾ? ಎದೆ ಹೊಡ್ಕೊಳ್ತಿದೆ. ಹಿಂದೆ ಕೂತಿದ್ರೆ ಹಾಯಾಗಿರ್ತಿದ್ದೆ."

"ಮತ್ತೆ ಅಲೆ ಜೋರು ಅಂದೆ?"

"ಅಷ್ಟು ಆಸೆಯಿಂದ ಕೇಳ್ತಾ ಇದಾನೆ. ಕಾಣ್ಲಿಲ್ಲ ಅಂತ ಹೇಳೋಕಾಗುತ್ತೇನೋ, ದಡ್ಡ!"

೯

ಮುಗಿಸಲು ನನ್ನ ಬಳಿ ಕೆಲವು ದಾರಿಗಳಿವೆ.

ಕಾರು ದಾಲ್ಹೊನ ಪಾಲಾಗುತ್ತದೆ. ಒಣಮೀನು ಡಿಕ್ಕಿಯಲ್ಲೇ ಉಳಿಯುತ್ತದೆ. ಅಥವಾ ಇಂಚೊಲ್ ಮಾರುವುದಿಲ್ಲ. ವಾರಕ್ಕೊಂದು ಸಲ ಆ ಸೀಟಿನಲ್ಲಿ ಕೂತು ಬರುತ್ತಾನೆ, ಓಡಿಸುವ ಮಗಳಿಗೆ ಬೇಸರವಾಗುವವರೆಗೆ. ಅಥವಾ ಮಲ್ಯೆಗೂ ಮುಂದೆ ಕೂತರೆ ಭಯವೇ ಆಗುತ್ತಿತ್ತು, ಹಿಂದೆ ಆಕಾಶ ನೋಡುತ್ತ ಸುಖವಾಗಿಯೇ ಇದ್ದಳು ಎಂದು ನೀವು ಅಂದುಕೊಂಡು ಪುಸ್ತಕ ಮುಚ್ಚಬಹುದು. ನಾನು ತಡೆಯುವುದಿಲ್ಲ. ಸಹಿಯನ್ನೂ ಹಾಕುವುದಿಲ್ಲ. ಕೇಳಿ ತಿಳಿಯಲು ಅವಳಿಲ್ಲ.

ಸದ್ಯಕ್ಕೆ ಕಾರು ಓಡುತ್ತಿದೆ. ಮುಂದೆ ಸುನ್‌ಬುನ್ ಕಣ್ಣು ಮುಚ್ಚಿದ್ದಾಳೆ. ಡಿಕ್ಕಿಯಲ್ಲಿ ಮೀನು ಕಣ್ಣು ತೆರೆದಿದೆ. ಇಂಚೊಲ್‌ನ ತಲೆ ಕಲೆಯ ಮೇಲಿದೆ, ಕಿಟಕಿಯಲ್ಲಿ ತಂತಿಗಳು ಸರಿಯುತ್ತಿವೆ. ಅವನು ತಾಯಿಗಿಂತ ಎತ್ತರದವನು. ಬೆನ್ನು ನೆಟ್ಟಗೆ ಮಾಡಿದರೆ ಸಾಕು, ಅಲೆ ಜೋರಾಗಿದೆಯೋ ಇಲ್ಲವೋ ಅವನೇ ನೋಡಬಹುದು.

ಅವನಿನ್ನೂ ನೆಟ್ಟಗೆ ಕೂತಿಲ್ಲ. ನಾನೂ ಅವನನ್ನು ಎಬ್ಬಿಸುವುದಿಲ್ಲ.