ನೀರೊಳಗಿನ ಹೆಬ್ಬೆರಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ತಮ್ಮನ ಕಥೆ, ಹೇಳಬೇಕಾದವನು ಅವನೇ. ಅವನು ಹೇಳುವುದಿಲ್ಲ. ನಾನು ಹಗಲು ಲಾಂಡ್ರಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಓದಿದವಳು. ಯಾವುದನ್ನು ಮುಂದೆ ಇಡಬೇಕು, ಯಾವುದನ್ನು ಬಿಡಬೇಕು ಅನ್ನುವುದು ನನಗೆ ಅಷ್ಟಾಗಿ ತಿಳಿಯದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಮ್ಮ ಗಾರೆ ಕೆಲಸದವನು, ಟೈಲ್ಸ್ ಹಾಕುವುದರಲ್ಲಿ ಎತ್ತಿದ ಕೈ. ಹೋದ ವರ್ಷ ಕಟ್ಟಡಕ್ಕೆ ಕಟ್ಟಿದ್ದ ಸಾರವೆ ಕುಸಿದು ಬಿದ್ದ. ಅಂದಿನಿಂದ ಸೊಂಟದ ಕೆಳಗೆ ಯಾವುದೂ ಅವನ ಮಾತು ಕೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಬೆಚ್ಚನೆಯ ನೀರಿನ ಒಂದು ಕೊಳವಿತ್ತು. ತೇಲುವ ಪಟ್ಟಿ ಕಟ್ಟಿ, ಅಂಚಿನ ಕಂಬಿ ಹಿಡಿಸಿ, ವ್ಯಾಯಾಮ ಮಾಡಿಸುವ ಹೆಂಗಸು ಅವನನ್ನು ಅದರಲ್ಲಿ ನಿಲ್ಲಿಸುತ್ತಿದ್ದರು. ಅವರಿಗೆ ತಮ್ಮ ಇಟ್ಟ ಹೆಸರು 'ನೀರು ಮೇಡಂ'.

ಒಂದು ದಿನ ನೀರಿನಿಂದ ಮೇಲೆ ಬಂದವನು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಅಕ್ಕಾ, ಬಲಗಾಲಿನ ಹೆಬ್ಬೆರಳು ಆಡ್ತು ಕಣೇ."

"ನಿಜವಾಗ್ಲೂ? ನೋಡಿದ್ಯಾ?"

"ನೋಡೋದು ಹೆಂಗೆ? ಬೆನ್ನಿಗೆ ಈ ಬಿಗಿಪಟ್ಟಿ ಇದೆ, ಬಗ್ಗೋ ಹಂಗಿಲ್ಲ. ಮೇಲಿಂದ ನೋಡಿದ್ರೆ ನೀರು ಅಲ್ಲಾಡಿ ಕಾಲೇ ನಾಲ್ಕಾಗಿ ಕಾಣ್ತದೆ. ಆದ್ರೆ ಆಡ್ತು. ನನ್ನ ಬೆರಳು, ನಂಗೊತ್ತಾಗಲ್ವಾ?"

ನೀರು ಮೇಡಂ ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಅವರು ಈಜುಗನ್ನಡಕ ಹಾಕಿ ಮುಳುಗಿ ನೋಡಿದ್ದರಂತೆ. ಆದರೆ ಅವರು ಮುಳುಗಿದರೆ ನೀರು ಕದಡಿ ಪಾದವೇ ತೂಗಾಡುತ್ತಿತ್ತಂತೆ. "ಈ ತಿಂಗಳಿಗೆ ಕೊಳದ ಚಿಕಿತ್ಸೆ ನಿಲ್ಲಿಸ್ತಾರಮ್ಮ. ಸುಧಾರಣೆ ಕಂಡ್ರೆ ಮಾತ್ರ ಮುಂದುವರಿಸೋದು. ಬಾಯಿಮಾತಿಗೆ ಡಾಕ್ಟರು ಒಪ್ಪಲ್ಲ. ಏನಾದ್ರೂ ತೋರಿಸೋ ಹಂಗಿದ್ರೆ ನಾನೇ ಹೋಗಿ ಮಾತಾಡ್ತೀನಿ" ಅಂದರು.

ನೀರೊಳಗೆ ವಿಡಿಯೋ ತೆಗೆಯೋಣ ಅಂದವನು ತಮ್ಮ. ಕ್ಯಾಮೆರಾ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಅಂಗಿಯ ಒಳಗೆ ಹೊಲಿದ, ಒಗೆಯುವ ಬಗೆ ಹೇಳುವ ಚೀಟಿ ಓದದೆ ಯಾವುದನ್ನೂ ನೀರಿಗೆ ಹಾಕದ ಕೆಲಸ ನನ್ನದು. ಕ್ಯಾಮೆರಾ ವಿಷಯದಲ್ಲೂ ಹಾಗೇ ಮಾಡಿದೆ. ಸಿಕ್ಕಿದ್ದನ್ನೆಲ್ಲ ಓದಿದೆ, ಓದಿದಷ್ಟೂ ಹೆದರಿಕೆ ಹೆಚ್ಚಾಯಿತು. ಕೊನೆಗೆ ಹಳೇ ಕ್ಯಾಮೆರಾ ಮಾರುವ ಅಂಗಡಿಗೆ ಹೋದೆ. ಅಂಗಡಿಯವರು ಬೋಳುತಲೆಯ, ನಗುಮುಖದ ಮನುಷ್ಯ.

"ಸಮುದ್ರಕ್ಕಾ ಅಮ್ಮಾ? ಮೀನು ತೆಗೀಬೇಕಾ?"

"ಇಲ್ಲ. ಒಂದು ಹೆಬ್ಬೆರಳು."

ಅವರು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು. ವಿಷಯ ಹೇಳಿದೆ. ನಗುವುದನ್ನು ಬಿಟ್ಟು ಕಪಾಟಿನ ಬಾಗಿಲು ತೆಗೆದರು.

ಎಲ್ಲಕ್ಕಿಂತ ಅಗ್ಗದ್ದು ಫೋನನ್ನು ಇಟ್ಟು ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲ. ಆದರೆ ಅದರ ಸುಕ್ಕಿನಿಂದ ಚಿತ್ರ ಮಬ್ಬಾಗುತ್ತದೆ, ನೀರೊಳಗೆ ಫೋನಿನ ಪರದೆ ಬೆರಳಿಗೆ ಸ್ಪಂದಿಸುವುದೂ ಇಲ್ಲ. ಇನ್ನೊಂದು, ದೊಡ್ಡ ಕ್ಯಾಮೆರಾ ಮತ್ತು ಅದಕ್ಕೊಂದು ಗಟ್ಟಿ ಪೆಟ್ಟಿಗೆ; ಕ್ಯಾಮೆರಾಗಿಂತ ಪೆಟ್ಟಿಗೆಯೇ ದುಬಾರಿ. ಮಧ್ಯದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಯಾರೋ ಬಳಸಿ ಬಿಟ್ಟ ಪುಟ್ಟ ವಿಡಿಯೋ ಕ್ಯಾಮೆರಾ, ಪಾರದರ್ಶಕ ಡಬ್ಬಿಯ ಸಮೇತ.

"ಕೊಳದ ಆಳ ಎದೆಮಟ್ಟ ತಾನೇ? ಕಿಟಕಿ ಇದ್ಯಾ?" ಅಂಗಡಿಯವರು ಕೇಳಿದರು.

"ದೊಡ್ಡ ಕಿಟಕಿ. ಬಿಸಿಲು ನೀರಿಗೇ ಬೀಳತ್ತೆ."

"ಹಾಗಾದ್ರೆ ದೀಪ ಬೇಡ. ಈ ಪುಟ್ಟದೇ ಸಾಕು. ಹತ್ತಿರ ಇಡಿ. ಹತ್ತಿರ ಇದ್ದಷ್ಟೂ ನೀರು ಅಡ್ಡ ಬರಲ್ಲ."

ಚೀಲದ ಬೆಲೆ ನೋಡಿ ಒಂದು ಗಳಿಗೆ ಮನಸ್ಸು ಅತ್ತ ವಾಲಿತು. ಮಬ್ಬಾಗಿ ಬಂದರೆ ಡಾಕ್ಟರು ಒಪ್ಪಲಿಕ್ಕಿಲ್ಲ ಎಂದುಕೊಂಡು ಪುಟ್ಟ ಕ್ಯಾಮೆರಾ ಕೊಂಡೆ.

ಡಬ್ಬಿಯ ಬಾಯಿಗೆ ಕುಕ್ಕರ್ ಮುಚ್ಚಳದಲ್ಲಿರುವಂಥ ಒಂದು ರಬ್ಬರ್ ಉಂಗುರವಿತ್ತು. ಅದರ ಮೇಲೆ ಒಂದು ಕೂದಲೆಳೆ ಕೂತರೂ ನೀರು ನುಗ್ಗುತ್ತದಂತೆ. ಲಾಂಡ್ರಿಯ ಬಕೆಟ್ಟಿನಲ್ಲಿ ಪರೀಕ್ಷೆ ಮಾಡಿದೆ. ಕ್ಯಾಮೆರಾ ಇಡದೆ, ಬರೀ ಡಬ್ಬಿಯೊಳಗೆ ಒಂದು ತುಂಡು ಕಾಗದ ಮಡಚಿಟ್ಟು, ಮೇಲೆ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ ಹೇರಿ ಮುಳುಗಿಸಿದೆ. ಮಧ್ಯಾಹ್ನ ತೆಗೆದಾಗ ಕಾಗದ ಒಣಗಿಯೇ ಇತ್ತು. ನಂಬಿಕೆ ಬರದೆ ಮತ್ತೆ ಮುಳುಗಿಸಿದೆ.

ಇದನ್ನು ಕೇಳಿ ತಮ್ಮ ನೀರು ಮೇಡಂ ಎದುರೇ ಬಿದ್ದು ಬಿದ್ದು ನಕ್ಕ. "ನಮ್ಮಕ್ಕ ಸೋಪಿನ ಡಬ್ಬೀನೂ ಓದಿ ಸ್ನಾನಕ್ಕೆ ಹೋಗೋಳು ಮೇಡಂ. ಇವಳನ್ನ ಕಟ್ಟಡದ ಮೇಲೆ ಮೇಸ್ತ್ರಿ ಮಾಡಿದ್ದಿದ್ರೆ ನಾನು ಬೀಳ್ತಾನೇ ಇರಲಿಲ್ಲ." ಅವನು ಹಾಗೆ ನಕ್ಕು ಎಷ್ಟೋ ತಿಂಗಳಾಗಿತ್ತು. ನಾನೂ ನಕ್ಕೆ.

ಹೇಗೆ ತೆಗೆಯಬೇಕು ಅನ್ನುವುದನ್ನು ಅವನೇ ಗೊತ್ತು ಮಾಡಿದ. ಗೋಡೆ ಬಿರುಕು ಬಿಟ್ಟಾಗ ಗಾರೆಯವರು ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ಚೂರು ಅಂಟಿಸಿ ಬಿಡುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ಆಡುತ್ತಿದೆ ಎಂದು ಅರ್ಥ, ಒಡೆಯದಿದ್ದರೆ ಇಲ್ಲ. ಅಲ್ಲಿ ಕಣ್ಣಳತೆ, ಅಂದಾಜು ಯಾವುದೂ ನಡೆಯುವುದಿಲ್ಲ.

"ಕೊಳದ ತಳಕ್ಕೆ ಟೈಲ್ಸ್ ಇದೆಯಲ್ಲ, ಎರಡು ಟೈಲ್ಸಿನ ಮಧ್ಯದ ಸಂದಿನ ಮೇಲೆ ಸರಿಯಾಗಿ ನನ್ನ ಹೆಬ್ಬೆರಳು ಇಡ್ಸಿ. ಅದೇ ನಮ್ಮ ಗಾಜು. ಬೆರಳು ಕೂದಲಷ್ಟು ಆಡಿದ್ರೂ ಆ ಬಿಳೀ ಗೆರೆ ಹೇಳಿಬಿಡತ್ತೆ. ಆಡಿಸಿದಾಗೆಲ್ಲ ನಾನು ನೀರೊಳಗೇ ಕೈಬೆರಳು ಎತ್ತಿ ತೋರಿಸ್ತೀನಿ. ಡಾಕ್ಟರು ಬಾಯ್ಮುಚ್ಕೊಂಡು ನೋಡ್ಬೇಕು."

ಆ ದಿನ ಕೊಳದಲ್ಲಿ ಬೇರೆ ಯಾರೂ ಇರಲಿಲ್ಲ. ಕ್ಯಾಮೆರಾಗೆ ಪುಟ್ಟ ಮುಕ್ಕಾಲಿ ಕಟ್ಟಿ, ತೇಲದಂತೆ ಭಾರವಿಟ್ಟು, ನೀರು ಮೇಡಂ ಅದನ್ನು ತಳದಲ್ಲಿ ನಿಲ್ಲಿಸಿದರು. ತಮ್ಮನ ಎದೆಯಿಂದ ಪಾದದವರೆಗೆ ಕಾಣುವ ಹಾಗೆ ಇಟ್ಟರು. ಹೆಬ್ಬೆರಳನ್ನು ಸಂದಿಗೆ ಕೂರಿಸಿ, ಪಕ್ಕಕ್ಕೆ ಸರಿದು ಅಲ್ಲಾಡದೆ ನಿಂತರು. ನೀರು ತಿಳಿಯಾಗುವವರೆಗೆ ಮೂವರೂ ಕಾದೆವು.

"ಈಗ!" ಅಂದ ತಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಈಗ! ಆಹಾ, ಇದು ಚೆನ್ನಾಗಿ ಆಡ್ತು. ಈಗ!"

ಅಂಚಿನಲ್ಲಿ ಕೂತಿದ್ದ ನಾನು ನೀರೊಳಗಿನ ಕ್ಯಾಮೆರಾದ ಕೆಂಪು ಚುಕ್ಕೆಯನ್ನೇ ನೋಡುತ್ತಿದ್ದೆ. ಅದು ಆರಿಹೋದರೆ ಏನು ಗತಿ ಎಂಬುದೊಂದೇ ನನ್ನ ಚಿಂತೆ.

ವಾರ್ಡಿನಲ್ಲಿ, ಅವನ ಮಂಚದ ಮೇಲೆ ಒಟ್ಟಿಗೆ ಕೂತು ನೋಡಿದೆವು. ಚಿತ್ರ ಸ್ಫಟಿಕದ ಹಾಗೆ ಬಂದಿತ್ತು. ಟೈಲ್ಸಿನ ಬಿಳಿ ಗೆರೆ, ಹೆಬ್ಬೆರಳ ಉಗುರು, ಉಗುರಿನ ಬದಿಯ ಹಳೇ ಗಾಯದ ಕಲೆ, ಎಲ್ಲ ಕಾಣುತ್ತಿತ್ತು. ಕೈಬೆರಳು ಮೇಲೆದ್ದಿತು. ಹೆಬ್ಬೆರಳು ಗೆರೆಯ ಮೇಲೆ ಹಾಗೇ ಇತ್ತು. ಕೈಬೆರಳು ಮತ್ತೆ ಎದ್ದಿತು. ಹೆಬ್ಬೆರಳು ಹಾಗೇ ಇತ್ತು.

"ಇನ್ನೊಂದ್ಸಲ ಹಾಕು."

ಹಾಕಿದೆ.

"ಇನ್ನೂ ದೊಡ್ಡದು ಮಾಡಕ್ಕಾಗತ್ತಾ?"

ಹೆಬ್ಬೆರಳೊಂದೇ ಪರದೆ ತುಂಬುವಷ್ಟು ದೊಡ್ಡದು ಮಾಡಿದೆ. ಗೆರೆ ನೇರವಾಗಿತ್ತು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಕೆಲಸ ಮುಗಿದ ನೆಲವನ್ನು ನೋಡಿ ಅನ್ನುವಂತೆ, "ಟೈಲ್ಸ್ ಹಾಕಿದವನು ಒಳ್ಳೇ ಕೆಲಸಗಾರ. ಒಂದು ಸಂದೂ ಸೊಟ್ಟ ಇಲ್ಲ" ಅಂದ.

"ನೋವಾಯ್ತೇನೋ?" ಅಂದೆ. ಎಂಥ ಮಾತು ಕೇಳಿದೆ!

"ಕಾಲಲ್ಲೇನೂ ಇಲ್ಲ ಕಣಕ್ಕ" ಅಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಸಂಜೆ ನೀರು ಮೇಡಂ ಬಂದು, "ಬಂತಾ? ಡಾಕ್ಟರು ಇನ್ನೂ ಇದ್ದಾರೆ, ಕೊಡಿ" ಎಂದು ಆಸೆಯಿಂದ ಕೈ ಚಾಚಿದರು. ತಮ್ಮನೇ ಉತ್ತರ ಕೊಟ್ಟ: "ಎಲ್ಲಿ ಮೇಡಂ, ಒಳಗೆ ನೀರು ಹೋಗಿ ಕೆಟ್ಟೋಯ್ತು. ಅಗ್ಗದ ಮಾಲು ನೋಡಿ."

ಕ್ಯಾಮೆರಾ ನನ್ನ ಮಡಿಲಲ್ಲಿತ್ತು, ಒಣಗಿತ್ತು. ಮೇಡಂ ಅದನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಅವನ ಹೊದಿಕೆ ಸರಿಮಾಡಿ ಹೊರಟುಹೋದರು. ಆ ತಿಂಗಳ ಕೊನೆಗೆ ಕೊಳದ ಚಿಕಿತ್ಸೆ ನಿಂತಿತು. ಹೆಬ್ಬೆರಳಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಅವನು ಅಳಿಸು ಅಂದಿಲ್ಲ, ಹಾಗಾಗಿ ವಿಡಿಯೋ ನನ್ನ ಬಳಿಯೇ ಇದೆ. ಅದರಲ್ಲಿ ಒಂದು ಕಡೆ, ಮೂರನೆಯ 'ಈಗ' ಆದ ಮೇಲೆ, ಅವನ ಕೈ ನೀರಿನಲ್ಲಿ ಸುಮ್ಮನೆ ತೂಗುತ್ತದೆ. ಮುಷ್ಟಿ ಕಟ್ಟುತ್ತದೆ, ಬಿಚ್ಚುತ್ತದೆ. ಬಹಳ ಹೊತ್ತಾದ ಮೇಲೆ ಕೈಬೆರಳು ಮತ್ತೆ ಏಳುತ್ತದೆ, ಆಮೇಲೆ ಇನ್ನೊಂದು ಸಲ. ಹೆಬ್ಬೆರಳು ಆಡುತ್ತಿಲ್ಲ ಎಂದು ಆ ನಡುವೆ ಅವನಿಗೆ ಗೊತ್ತಾಗಿತ್ತೇ? ಗೊತ್ತಾಗಿಯೂ ಕೈಬೆರಳೆತ್ತಿದನೇ, ಅಂಚಿನಲ್ಲಿ ಅಷ್ಟು ಆಸೆಯಿಂದ ಕೂತಿದ್ದ ನನಗೋಸ್ಕರ? ಅಥವಾ ಆ ಎರಡು ಸಲವೂ ಅವನಿಗೆ ನಿಜವಾಗಿ ಹೆಬ್ಬೆರಳು ಆಡಿದಂತೆಯೇ ಅನಿಸಿತ್ತೇ? ಅವನ ಮುಖ ನೀರಿನ ಮೇಲಿತ್ತು, ಚಿತ್ರದಲ್ಲಿಲ್ಲ. ನಾನು ಪಕ್ಕದಲ್ಲೇ ಇದ್ದರೂ ಆ ಕಡೆ ನೋಡಲಿಲ್ಲ. ಕೇಳುವ ಧೈರ್ಯ ಇಲ್ಲ. ನನಗೆ ಗೊತ್ತಿಲ್ಲ.