ಬಿಚ್ಚಿಟ್ಟ ಲೆನ್ಸು

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಮೈಕ್ರೋಸ್ಕೋಪುಗಳನ್ನು ರಿಪೇರಿ ಮಾಡುವ ಹೆಂಗಸಿಗೆ ಅಲ್ಲಿನವರು ಮಸೂರಕ್ಕ ಎಂದು ಹೆಸರಿಟ್ಟಿದ್ದರು. ಯಾರು ಇಟ್ಟರೋ, ಯಾವಾಗ ಇಟ್ಟರೋ, ಅಂಟಿಕೊಂಡುಬಿಟ್ಟಿತ್ತು. ಮೇಲಿನ ಪ್ರಯೋಗಾಲಯದವರು "ಏನೂ ಕಾಣಿಸ್ತಿಲ್ಲ ಮಸೂರಕ್ಕ, ಮಂಜು ಕವಿದಂಗಿದೆ" ಎಂದು ಮುಖ ಸಪ್ಪಗೆ ಮಾಡಿಕೊಂಡು ತಂದಿಟ್ಟ ಯಂತ್ರ, ಅವಳ ಮೇಜಿನಿಂದ ವಾಪಸು ಹೋಗುವಾಗ ಕಣ್ಣು ಬಿಟ್ಟಿರುತ್ತಿತ್ತು. ಹೊಟ್ಟೆಪಾಡಿನ ಕೆಲಸ ಅದು. ಅವಳ ಜೀವವೆಲ್ಲ ಇದ್ದದ್ದು ಮನೆಯ ಕಪಾಟಿನಲ್ಲಿ.

ಆ ಕಪಾಟಿನಲ್ಲಿ ಹಳೆಯ ಕಾಲದ ಜೂಮ್ ಲೆನ್ಸುಗಳಿದ್ದವು. ಫೋಕಸ್ಸನ್ನು ಕ್ಯಾಮೆರಾ ತಾನಾಗಿ ಹಿಡಿಯದ, ಎಲ್ಲವನ್ನೂ ಕೈಯಲ್ಲೇ ಮಾಡಬೇಕಾದ ಕಾಲದವು. ಕಬ್ಬಿಣದ ಗುಂಡಿನ ಹಾಗೆ ಭಾರ. ತೇವ ಹಿಡಿದರೆ ಗಾಜಿಗೆ ಬೂಷ್ಟು ಬರುತ್ತದೆಂದು ಕಪಾಟಿನೊಳಗೆ ಒಂದು ಚಿಕ್ಕ ಬಲ್ಬು ಸದಾ ಉರಿಯುತ್ತಿತ್ತು. ರಜೆಯ ದಿನ ಬೆಳಿಗ್ಗೆ ಒಂದೊಂದನ್ನೇ ಹೊರತೆಗೆದು, ಅದರ ಮೈಮೇಲಿನ ತಿರುಗುವ ಬಳೆಗಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆಲ್ಲ ಇಣುಕಿ, ಮೃದುವಾದ ಬ್ರಷ್ಷಿನಿಂದ ಧೂಳು ಝಾಡಿಸಿ ಒಳಗಿಡುತ್ತಿದ್ದಳು. ಗ್ರೀಸು ಒಣಗಿ ಬಿಗಿಯಾದದ್ದನ್ನು ಬಿಚ್ಚಿ ತೊಳೆದು, ಹೊಸ ಗ್ರೀಸು ಸವರಿ ಜೋಡಿಸಿದರೆ, ಬಳೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಸರಿಯುತ್ತಿತ್ತು. ಆ ಸುಖ ಹೇಳಿದರೆ ಅರ್ಥವಾಗುವಂಥದ್ದಲ್ಲ.

"ಮಕ್ಕಳಿಗೆಲ್ಲ ಸ್ನಾನ ಆಯ್ತಾ?" ಎಂದು ತಂಗಿ ಒಳಗಿನಿಂದ ಛೇಡಿಸುತ್ತಿದ್ದಳು.

ತಂಗಿ ದರ್ಜಿ. ಮನೆಯಿದ್ದ ಕಟ್ಟಡದ ಕೆಳಗೇ ಅವಳದೊಂದು ಪುಟ್ಟ ಅಂಗಡಿ. ಗಂಡನ ಜೊತೆ ಬಾಳಿದ್ದು ಸಾಕಾಗಿ ಹೊಲಿಗೆ ಯಂತ್ರ ಒಂದನ್ನೇ ಹೊತ್ತುಕೊಂಡು ಅಕ್ಕನ ಮನೆಗೆ ಬಂದವಳು ಮತ್ತೆ ಹೋಗಿರಲಿಲ್ಲ. ಮದುವೆಯ ಗೋಜಿಗೇ ಹೋಗದ ಅಕ್ಕ, ಮದುವೆ ಮುಗಿಸಿ ಬಂದ ತಂಗಿ; ಎರಡು ಕೋಣೆಯ ಮನೆ ಇಬ್ಬರಿಗೂ ಹೇಗೋ ಸಾಲುತ್ತಿತ್ತು.

ಕಪಾಟಿನ ಲೆನ್ಸುಗಳಲ್ಲಿ ಮಸೂರಕ್ಕನಿಗೆ ಪಂಚಪ್ರಾಣವಾದದ್ದು ಒಂದು ಉದ್ದನೆಯ ಜೂಮು. ಅದಕ್ಕೆ ಇದ್ದದ್ದು ಒಂದೇ ಅಗಲದ ಬಳೆ. ತಿರುಗಿಸಿದರೆ ಫೋಕಸ್ಸು, ಮುಂದೆ ಹಿಂದೆ ಎಳೆದರೆ ದೂರದ್ದು ಹತ್ತಿರ, ಹತ್ತಿರದ್ದು ದೂರ. ಎರಡೂ ಒಂದೇ ಕೈಯಲ್ಲಿ, ಒಂದೇ ಹೊತ್ತಿಗೆ. ಅದನ್ನು ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು ಅವಳು ರೈಲ್ವೆ ಯಾರ್ಡಿನ ಮೇಲಿನ ಕಾಲು ಸೇತುವೆಗೆ ಹೋಗುತ್ತಿದ್ದಳು. ಇಂಜಿನ್ನು ದೂರದ ತಿರುವಿನಲ್ಲಿ ಕಂಡ ಕೂಡಲೇ ಹಿಡಿದು, ಅದು ಹತ್ತಿರ ಬಂದಂತೆಲ್ಲ ಬಳೆಯನ್ನು ಎಳೆಯುತ್ತ, ತಿರುಗಿಸುತ್ತ, ಕಿಟಕಿಯಲ್ಲಿ ಒರಗಿದ ಚಾಲಕನ ಮೊಣಕೈ ತನಕ ಜೊತೆಗೇ ಬರುತ್ತಿದ್ದಳು. ಹಳಿ ಬದಲಿಸುವವರು, ಡಬ್ಬಿಗಳ ಕೊಂಡಿ ಕಳಚುವವರು, ಹಳಿಯ ಪಕ್ಕ ಕೂತು ಬುತ್ತಿ ಬಿಚ್ಚುವವರು, ಎಲ್ಲರೂ ಅವಳ ಚಿತ್ರಗಳಲ್ಲಿದ್ದರು.

ಆ ವರ್ಷ ಚಿತ್ರಗಳು ಕೆಡತೊಡಗಿದವು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮೊಣಕೈಗೆ ಎರಡೆರಡು ಅಂಚು, ಇಂಜಿನ್ನಿನ ಸಂಖ್ಯೆ ಕಲೆಸಿಹೋದ ಹಾಗೆ. ಮೊದಲು ಬೆಳಕು ಸಾಲಲಿಲ್ಲ ಅಂದುಕೊಂಡಳು. ಆಮೇಲೆ ಸೇತುವೆ ಅದುರುತ್ತದೆ ಅಂದುಕೊಂಡಳು. ಕೊನೆಗೆ, ಒಳಗಿನ ಯಾವುದೋ ಗಾಜು ಸಡಿಲವಾಗಿದೆ ಎಂದು ತೀರ್ಮಾನ ಮಾಡಿದಳು. ಬೇರೆ ಯಾರೇ ಹೀಗೆ ಹೇಳಿಕೊಂಡು ಬಂದಿದ್ದರೂ "ಮೊದಲು ಮೇಜಿನ ಮೇಲಿಟ್ಟು ಒಂದು ಚಿತ್ರ ತೆಗೆದು ನೋಡಿ" ಎನ್ನುತ್ತಿದ್ದಳು. ತನ್ನ ಲೆನ್ಸಿಗೆ ಮಾತ್ರ ಆ ಪರೀಕ್ಷೆಯನ್ನು ಅವಳು ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ತನ್ನನ್ನು ತಾನು ಕೇಳಿಕೊಳ್ಳಲೂ ಇಲ್ಲ.

ಬಿಳಿ ಬಟ್ಟೆ ಹಾಸಿ ಲೆನ್ಸನ್ನು ಬಿಚ್ಚಿದಳು. ಮುಂದಿನ ಬಳೆ, ಗಾಜು, ಕೊಳವೆ, ಮತ್ತೊಂದು ಗಾಜು, ಒಂದೊಂದಾಗಿ ಬಂದವು. ಎಲ್ಲ ಬಿಗಿಯಾಗಿಯೇ ಇದ್ದವು. ಒಂದು ಗಾಜಾದರೂ ಸಡಿಲವಿರಬಾರದೇ ಎಂದು ಹುಡುಕಿದಳು, ಇರಲಿಲ್ಲ. ಇನ್ನು ಉಳಿದದ್ದು ಫೋಕಸ್ಸಿನ ತಿರುಪು. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ತಿರುಗುತ್ತ ಇಳಿಯುವ ಜಾಗ ಅದು. ತಿರುಪಿನ ಎಳೆಗಳು ಅಲ್ಲಿ ಒಂದೆರಡಲ್ಲ, ಹಲವು. ಬಿಚ್ಚುವಾಗ ಎರಡೂ ಎಲ್ಲಿ ಬೇರೆಯಾದವೋ ಅಲ್ಲೇ ಸೂಜಿಮೊನೆಯಿಂದ ಗುರುತು ಹಾಕಿಟ್ಟುಕೊಂಡು, ಜೋಡಿಸುವಾಗ ಮತ್ತೆ ಅಲ್ಲೇ ಹಿಡಿಸಬೇಕು, ತಪ್ಪಿದರೆ ಎಳೆ ಎಳೆಯನ್ನು ಕಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಮಾಡಿದ ಕೆಲಸ. ಈ ಸಲ ಕೊಳವೆ ಬೇರೆಯಾಗಿ, ಸೂಜಿಮೊನೆ ಲೋಹಕ್ಕೆ ತಗುಲಿದ್ದೇ ತಡ, ಜರ್ರನೆ ಜಾರಿ ಅಡ್ಡಾದಿಡ್ಡಿ ಗೀಚಿತು. ಇನ್ನೊಮ್ಮೆ ಇಟ್ಟಳು, ಇನ್ನೊಂದು ಗೀಚು.

ಆಗ ತನ್ನ ಕೈಯನ್ನು ನೋಡಿದಳು. ಸೂಜಿ ಹಿಡಿದ ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಸೂಜಿ ಕೆಳಗಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಏನೂ ಆಗಿಲ್ಲವೆಂಬಂತೆ ಸುಮ್ಮನಾಯಿತು. ಮತ್ತೆ ಸೂಜಿ ಎತ್ತಿದಳು, ಮತ್ತೆ ಶುರು.

ಅಂಗಡಿ ಮುಚ್ಚಿ ಊಟಕ್ಕೆ ಬಂದ ತಂಗಿ ಬಾಗಿಲಲ್ಲೇ ನಿಂತಳು.

"ಯಾವಾಗಿಂದ ಹೀಗೆ?"

"ಏನು ಹೀಗೆ?"

"ಅಕ್ಕ, ನನ್ನ ಹತ್ರ ಆಟ ಆಡಬೇಡ. ಕಪ್ಪಿಗೆ ಅರ್ಧಾನೇ ಟೀ ಹಾಕು ಅಂತ ನೀನು ಯಾವತ್ತಿಂದ ಹೇಳೋಕೆ ಶುರು ಮಾಡಿದೆ, ನಂಗೆ ಗೊತ್ತು. ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ತಂಗಿಯೇ ಅವಳನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಮೆತ್ತಗಿನ ಮಾತಿನ ಮನುಷ್ಯ. ಕಾಗದ ಕೊಟ್ಟು, ಒಳಗಿನಿಂದ ಹೊರಗೆ ಸುತ್ತಿಕೊಂಡು ಬರುವ ಚಕ್ಕುಲಿಯಂಥ ಗೆರೆ ಎಳೆಯಲು ಹೇಳಿದರು. ಅವಳು ಎಳೆದ ಗೆರೆ ಗರಗಸದ ಹಲ್ಲಿನ ಹಾಗೆ ಬಂತು.

"ಜೀವಕ್ಕೇನೂ ಅಪಾಯ ಇಲ್ಲಮ್ಮ. ಕೈ ನಡುಕ, ಅಷ್ಟೇ. ಕೆಲಸ ಮಾಡೋವಾಗ ಮಾತ್ರ ಬರುತ್ತೆ."

"ನನ್ನದು ಕೈ ಕೆಲಸಾನೇ ಡಾಕ್ಟ್ರೇ," ಎಂದಳು ಅವಳು.

ಅವರು ತಲೆಯಾಡಿಸಿದರು. "ಮಾತ್ರೆ ಕೊಡ್ತೀನಿ. ಕೆಲವರಿಗೆ ಸ್ವಲ್ಪ ಕಡಿಮೆ ಆಗುತ್ತೆ. ಹೋಗೋದಂತೂ ಇಲ್ಲ. ವರ್ಷ ಕಳೆದಂತೆ ಜಾಸ್ತಿ ಆಗಬಹುದು. ಮನೆಯಲ್ಲಿ ಯಾರಿಗಾದರೂ ಇತ್ತಾ? ಇದು ರಕ್ತದಲ್ಲಿ ಬರೋದು."

ಅಮ್ಮ ಲೋಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಕುಡಿಯುತ್ತಿದ್ದದ್ದು ಇಬ್ಬರಿಗೂ ನೆನಪಾಯಿತು. ವಯಸ್ಸಾಯಿತು ಅಂತ ಅಂದುಕೊಂಡಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ತಂಗಿ ಮೆಲ್ಲಗೆ ತನ್ನ ಕೈಗಳನ್ನು ಚೀಲದ ಕೆಳಗೆ ಸೇರಿಸಿಕೊಂಡಳು. ಮನೆಯ ಮೆಟ್ಟಿಲ ಹತ್ತಿರ ಬಂದಾಗ ಅವಳು, "ಅಮ್ಮ ನಮಗೆ ಒಡವೆ ಬಿಟ್ಟು ಹೋಗಲಿಲ್ಲ ಅಂತ ಬೈಕೊಳ್ತಿದ್ವಲ್ಲ, ಏನೋ ಒಂದು ಬಿಟ್ಟು ಹೋಗಿದಾಳೆ ನೋಡು," ಎಂದಳು. ಇಬ್ಬರೂ ನಕ್ಕರು. ನಕ್ಕು ಮುಗಿಯುವ ಮುಂಚೆಯೇ ನಗು ಒಣಗಿತು.

ಮಾತ್ರೆ ತಿಂದರೆ ಕೈ ಒಂದಿಷ್ಟು ನಿಲ್ಲುತ್ತಿತ್ತು, ಆದರೆ ತಲೆ ತಿರುಗುತ್ತಿತ್ತು. ಒಂದು ದಿನ ಆಸ್ಪತ್ರೆಯ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳು. ಡಾಕ್ಟರು ಅದನ್ನು ನಿಲ್ಲಿಸಿ ಬೇರೊಂದು ಕೊಟ್ಟರು. ಅದರಿಂದ ಹಗಲಿಡೀ ತೂಕಡಿಕೆ ಬಂತೇ ಹೊರತು ನಡುಕ ಜಗ್ಗಲಿಲ್ಲ. ಕೆಲಸದ ಜಾಗದಲ್ಲಿ ಎಷ್ಟು ದಿನ ಅಂತ ಮುಚ್ಚಿಡುವುದು? ಮೈಕ್ರೋಸ್ಕೋಪಿನ ಒಂದು ಲೆನ್ಸು ಅವಳ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಅಂಚು ಒಡೆಯಿತು. ಮೇಲಧಿಕಾರಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಇನ್ಮೇಲೆ ರಿಪೇರಿ ಬೇಡ, ಸ್ಟೋರಿನಲ್ಲಿ ಕೂತ್ಕೊಳ್ಳಿ ಮಸೂರಕ್ಕ. ಆರಾಮಾಗಿ ಇರಿ," ಎಂದರು.

ಮೇಜಿನ ಮೇಲೆ ಬಿಚ್ಚಿಟ್ಟ ಲೆನ್ಸು ಹಾಗೇ ಇತ್ತು. ಧೂಳು ಕೂರದಿರಲೆಂದು ತಂಗಿ ಅದರ ಮೇಲೊಂದು ಪಾತ್ರೆ ಕವುಚಿಟ್ಟಿದ್ದಳು. ಉಳಿದ ಲೆನ್ಸುಗಳನ್ನು ಮಸೂರಕ್ಕ ಸ್ಟ್ಯಾಂಡಿಗೆ ಹಾಕಿ ಪ್ರಯತ್ನ ಮಾಡಿದಳು. ಚಿತ್ರವೇನೋ ನಿಚ್ಚಳವಾಗಿ ಬಂತು, ಆದರೆ ನಡುಗುವ ಕೈಯಲ್ಲಿ ಬಳೆ ತಿರುಗಿಸಿ ಫೋಕಸ್ಸು ಹಿಡಿಯುವಷ್ಟರಲ್ಲಿ ರೈಲು ಹೋಗಿರುತ್ತಿತ್ತು. ಖಾಲಿ ಹಳಿಗಳ ಚಿತ್ರ ತೆಗೆದುಕೊಂಡು ಮನೆಗೆ ಬರುತ್ತಿದ್ದಳು.

ಒಂದು ಮಧ್ಯಾಹ್ನ ತಂಗಿ ಕೈ ತೊಳೆದು, ಒರೆಸಿಕೊಂಡು, ಮೇಜಿನ ಮುಂದೆ ಬಂದು ಕೂತಳು.

"ಹೇಳು. ಯಾವುದು ಯಾವುದರೊಳಗೆ ಹೋಗ್ಬೇಕು?"

"ನಿನಗೆ ಬರಲ್ಲ ಕಣೆ."

"ಗುಂಡಿಗೆ ಕಾಜಾ ಮಾಡೋದೂ ಬರ್ತಿರಲಿಲ್ಲ ನಂಗೆ. ನೀನು ಬಾಯಲ್ಲಿ ಹೇಳು, ನಾನು ಕೈಯಲ್ಲಿ ಮಾಡ್ತೀನಿ. ನನ್ನ ಕೈ ಇನ್ನೂ ನೆಟ್ಟಗಿದೆ, ಇರೋವಾಗ ಉಪಯೋಗಿಸ್ಕೊ."

ಅಂದು ಮಸೂರಕ್ಕನಿಗೆ ಆಸೆ ಹುಟ್ಟಿತು. ತಂಗಿಯ ಬೆರಳುಗಳು ನಿಜಕ್ಕೂ ಒಳ್ಳೆಯವು. ಗ್ರೀಸನ್ನು ಎಷ್ಟು ತೆಳ್ಳಗೆ ಸವರು ಎಂದಳೋ ಅಷ್ಟೇ ತೆಳ್ಳಗೆ ಸವರಿದಳು. ಗಾಜುಗಳನ್ನು ಅಂಚಿನಲ್ಲಷ್ಟೇ ಹಿಡಿದು, ಒಂದು ಬೆರಳಚ್ಚೂ ಮೂಡದಂತೆ ಕೂರಿಸಿದಳು. "ಇಷ್ಟು ನಾಜೂಕಾಗಿ ಯಾವ ಮದುವಣಗಿತ್ತಿ ಬಟ್ಟೇನೂ ಮುಟ್ಟಿಲ್ಲ ನಾನು," ಎಂದು ಗೊಣಗಿದಳು. ಅಕ್ಕ ನಗುತ್ತ ಒಂದೊಂದೇ ಬಿಡಿಭಾಗವನ್ನು ಬೆರಳಿನಿಂದ ತೋರಿಸುತ್ತಿದ್ದಳು. ಬಹಳ ದಿನಗಳ ಮೇಲೆ ಆ ಮೇಜಿನ ಸುತ್ತ ಉಸಿರಾಡುವಂತಾಗಿತ್ತು.

ಫೋಕಸ್ಸಿನ ತಿರುಪಿನ ಸರದಿ ಬಂತು. ಗುರುತು ಎಂದು ಇದ್ದದ್ದು ಆ ಎರಡು ಅಡ್ಡಾದಿಡ್ಡಿ ಗೀಚು. ಮಸೂರಕ್ಕ ಭೂತಗನ್ನಡಿಯನ್ನು ಹಿಡಿದು ನೋಡಿದಳು, ಅದೂ ನಡುಗುತ್ತಿತ್ತು. ಕೊನೆಗೆ ಒಂದು ಕಡೆ ಬೆರಳಿಟ್ಟು, "ಇಲ್ಲಿ," ಎಂದಳು.

ತಂಗಿ ಕೊಳವೆಯನ್ನು ಕೂರಿಸಿ ತಿರುಗಿಸಿದಳು. ಸ್ವಲ್ಪ ಇಳಿಯಿತು. ಅವಳ ಕೈ ನಿಂತಿತು.

"ಬೇಡ ಅಕ್ಕ. ಯಂತ್ರದಲ್ಲಿ ಬಟ್ಟೆ ಸಿಕ್ಕಿಕೊಂಡಾಗ ಆಗುತ್ತಲ್ಲ, ಹಂಗೆ ಆಗ್ತಿದೆ. ವಾಪಸ್ ತೆಗೀಲಾ?"

"ಹೊಸ ಗ್ರೀಸು ಹಾಗೇ ಇರುತ್ತೆ. ತಿರುಗಿಸು."

"ಬಿಗಿ ಅನ್ನಿಸ್ತಿದೆ."

"ನಂಗೆ ಗೊತ್ತಿಲ್ವೇನೆ? ಇಷ್ಟು ವರ್ಷ ಮಾಡಿದ್ದು ನಾನಾ ನೀನಾ? ತಿರುಗಿಸು ಅಂದೆನಲ್ಲ."

ತಂಗಿ ತಿರುಗಿಸಿದಳು. ಕಿರ್ರೆಂದು ಹಲ್ಲು ಕಡಿದಂಥ ಸದ್ದಾಗಿ ಎಲ್ಲ ನಿಂತುಹೋಯಿತು. ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಎಳೆಯ ಮೇಲೆ ಎಳೆ ಹತ್ತಿ, ಮೆತ್ತನೆಯ ಲೋಹ ಲೋಹವನ್ನೇ ಕಚ್ಚಿಕೊಂಡಿತ್ತು. ಬಿಸಿ ಮಾಡಿದರು, ಎಣ್ಣೆ ಬಿಟ್ಟು ಒಂದು ದಿನ ಇಟ್ಟರು. ಜಗ್ಗಲಿಲ್ಲ. ಬಲವಂತ ಮಾಡಿದಾಗ ಉದುರಿದ ಬೆಳ್ಳಿಯ ಬಣ್ಣದ ಪುಡಿಯನ್ನು ನೋಡಿ ಮಸೂರಕ್ಕನಿಗೆ ಗೊತ್ತಾಯಿತು, ಎಳೆಗಳೇ ಹರಿದುಹೋಗಿವೆ, ಇನ್ನು ಯಾರ ಕೈಯಲ್ಲೂ ಆಗದು ಎಂದು.

"ನನ್ನಿಂದಾನೇ ಆಯ್ತು," ಎಂದಳು ತಂಗಿ.

ಅಲ್ಲ ಎನ್ನಬೇಕಿತ್ತು. ಮಸೂರಕ್ಕ ಎದ್ದು ಹೋಗಿ, ನೀರು ಉಕ್ಕುತ್ತಿದ್ದ ಒಲೆಯನ್ನು ಆರಿಸಿ ಬಂದಳು. ಆಮೇಲೆ ಅವಳು, "ನೀನು ನಿಲ್ಲಿಸಿದ್ದೆ. ತಿರುಗಿಸು ಅಂದವಳು ನಾನು," ಎಂದಳು. ತಂಗಿ ತಲೆಯಾಡಿಸಿದಳು, ಆದರೆ ಅದನ್ನು ನಂಬಿದ ಹಾಗೆ ಕಾಣಲಿಲ್ಲ. ಆ ದಿನದ ಮೇಲೆ ಅವಳು ಆ ಮೇಜನ್ನು ಒರೆಸುವಾಗಲೂ ಸುತ್ತಿ ಬಳಸಿ ಒರೆಸುತ್ತಿದ್ದಳು.

ಉಳಿದ ಲೆನ್ಸುಗಳನ್ನು ಇಟ್ಟುಕೊಂಡು ಮಾಡುವುದೇನು? ಬಳಸದೆ ಇಟ್ಟರೆ ಗ್ರೀಸು ಗಟ್ಟಿಯಾಗುತ್ತದೆ, ಒಂದಲ್ಲ ಒಂದು ದಿನ ಬೂಷ್ಟೂ ಬರುತ್ತದೆ. ಸೇತುವೆಯ ಮೇಲೆ ಪರಿಚಯವಾದವರೊಬ್ಬರಿದ್ದರು. ಹಳೆಯ ಲೆನ್ಸುಗಳ ಹುಚ್ಚಿನವರೇ. ಬಿಸಿಲಿರಲಿ ಇಲ್ಲದಿರಲಿ ಟೋಪಿ ತೆಗೆಯದ ಅವರನ್ನು ಅಕ್ಕತಂಗಿಯರು ಟೋಪಿ ಸಾಹೇಬರೆಂದು ಕರೆಯುತ್ತಿದ್ದರು. ಅವರನ್ನು ಕರೆಸಿ ಎಲ್ಲವನ್ನೂ ಮುಂದಿಟ್ಟಳು.

"ಸುಮ್ಮನೆ ಕೊಡೋದು ಬೇಡ, ಬೆಲೆ ಹೇಳಿ," ಎಂದರು ಅವರು.

"ಬೆಲೆ ಬೇಡ. ಬಳಸಿ. ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಎಳೆಯುತ್ತೆ. ವಾರಕ್ಕೊಮ್ಮೆಯಾದರೂ ಬಳೆ ಆಡಿಸಿ. ಆ ಗಿಡ್ಡನೇದು ಕೆಳಕ್ಕೆ ಹಿಡಿದರೆ ಬಳೆ ತಾನಾಗೇ ಜಾರುತ್ತೆ, ಗದರಿಸಬೇಡಿ, ಅದರ ಸ್ವಭಾವ."

ಅವರು ಒಂದೊಂದನ್ನೇ ಕಿಟಕಿಗೆ ಹಿಡಿದು, "ಆಹಾ, ಒಂದು ಗೆರೆ ಇಲ್ಲ ನೋಡಿ ಗಾಜಿಗೆ," ಎಂದು ಮಗುವಿನಂತೆ ಹಿಗ್ಗಿದರು. ಅವರ ಕೈಗಳು ಒಂದು ಚೂರೂ ಅಲುಗುತ್ತಿರಲಿಲ್ಲ. ಮಸೂರಕ್ಕ ಲೆನ್ಸುಗಳನ್ನು ಬಿಟ್ಟು ಆ ಕೈಗಳನ್ನೇ ನೋಡುತ್ತಿದ್ದಳು. ಅವರು ಹೋದ ಮೇಲೆ ಕಪಾಟಿನ ಬಲ್ಬು ಆರಿಸಿದಳು. ಮರುದಿನ ತಂಗಿ ಅಲ್ಲಿ ಮಡಿಸಿದ ಬಟ್ಟೆಗಳನ್ನು ಜೋಡಿಸಿಟ್ಟಳು.

ಕೆಲವು ವಾರಗಳ ಮೇಲೆ ಟೋಪಿ ಸಾಹೇಬರು ಫೋನಿಗೆ ಒಂದು ಚಿತ್ರ ಕಳಿಸಿದರು. ಆ ಗಿಡ್ಡ ಜೂಮಿನಲ್ಲಿ ತೆಗೆದದ್ದು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಯಾವುದೋ ಮಾತಿಗೆ ತಿರುಗಿ ನಕ್ಕ ಕ್ಷಣ. ಹಿಂಡಿದ ಬಟ್ಟೆಯ ಅಂಚಿನಲ್ಲಿ ನೀರಹನಿಗಳು ಕೂಡ ಎಣಿಸುವ ಹಾಗೆ ಕಾಣುತ್ತಿದ್ದವು.

"ಯಾರದು?" ತಂಗಿ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅವರ ಹೆಂಡತಿ ಇರಬೇಕು."

"ಚೆನ್ನಾಗಿ ಬಂದಿದೆ."

"ಬಹಳ ಚೆನ್ನಾಗಿ ಬಂದಿದೆ," ಎಂದಳು ಮಸೂರಕ್ಕ. ಹಾಗೆಯೇ ಉತ್ತರ ಬರೆಯಹೋದಳು. ಬೆರಳು ಒಂದು ಅಕ್ಷರದ ಬದಲು ಪಕ್ಕದ್ದನ್ನು ಒತ್ತಿತು, ಅಳಿಸಿದಳು, ಮತ್ತೆ ತಪ್ಪಿತು. ಕೊನೆಗೆ ಫೋನನ್ನು ತಂಗಿಯ ಕೈಗೆ ಕೊಟ್ಟು, ಏನು ಬರೆಯಬೇಕೆಂದು ನಿಧಾನವಾಗಿ ಹೇಳತೊಡಗಿದಳು.